ಈಜಿಪ್ಟಿನಲ್ಲಿ ಕಳೆದ ಸೂತಕ

ಭಾನುವಾರ ಸಂಜೆ ಆರು ಗಂಟೆಯೊಳಗೆ ವತ್ಸಲಾ ಗಂಡನಿಗೆ ಒಂದು ಸಾವಿನ ಸುದ್ದಿ ಹೇಳಲೇಬೇಕಿತ್ತು. ಪ್ರತಿ ಭಾನುವಾರ ಆರಕ್ಕೆ ಸರಿಯಾಗಿ ಬದರೀನಾಥ ಮೈಸೂರಿಗೆ ವಿಡಿಯೋ ಕಾಲ್ ಮಾಡುತ್ತಾನೆ. ಆ ಕಡೆ ದೊಡ್ಡಮ್ಮನ ಮಗ, ತಮ್ಮ ದ್ವಾರಕನಾಥ ಫೋನು ಹಿಡಿದಿರುತ್ತಾನೆ, ದೊಡ್ಡಮ್ಮ ಮಾತಾಡುತ್ತಾರೆ. ಹೆತ್ತ ತಾಯಿ ತೀರಿಕೊಂಡಾಗ ಆರು ವರ್ಷದ ಬದರಿಯನ್ನು ಎತ್ತಿ ಸೊಂಟಕ್ಕೇರಿಸಿಕೊಂಡ ದೊಡ್ಡಮ್ಮ, ಅಪ್ಪನ ಅಣ್ಣನ ಹೆಂಡತಿ. ಅವರು ಹೋಗಿ ಇವತ್ತಿಗೆ ಹನ್ನೊಂದನೆಯ ದಿನ. ವತ್ಸಲಾಗೆ ಅದು ಮೊದಲ ದಿನವೇ ಗೊತ್ತಿತ್ತು.

ಸುದ್ದಿ ಬಂದದ್ದು ಇಬ್ಬರೂ ಈಜಿಪ್ಟಿಗೆ ಹೊರಡಬೇಕಿದ್ದ ದಿನದ ಬೆಳಿಗ್ಗೆ. ಬದರೀನಾಥ ಆಗಲೇ ಕಂಪನಿ ಬಸ್ಸು ಹತ್ತಿ ಜುರಾಂಗ್ ಐಲ್ಯಾಂಡಿನ ಕೆಮಿಕಲ್ ಪ್ಲಾಂಟಿಗೆ ಹೋಗಿದ್ದ. ಪ್ಲಾಂಟಿನೊಳಗೆ ಫೋನು ಒಯ್ಯುವಂತಿಲ್ಲ, ಗೇಟಿನಲ್ಲೇ ಕೊಟ್ಟು ಹೋಗಬೇಕು. ಹಾಗಾಗಿ ದ್ವಾರಕನಾಥ ಅತ್ತಿಗೆಗೆ ಮಾಡಿದ.

"ಅಮ್ಮ ನಿದ್ದೇಲೇ ಹೋಗ್ಬಿಟ್ರು ಅತ್ತಿಗೆ. ಮಧ್ಯಾಹ್ನವೇ ಎತ್ತುತ್ತೀವಿ. ಅಣ್ಣಂಗೆ ಹೇಗೆ ಹೇಳ್ತೀರೋ ನೋಡಿ."

ಹಾಲಿನಲ್ಲಿ ಎರಡು ಸೂಟ್‌ಕೇಸು ತುಂಬಿ ನಿಂತಿದ್ದವು. ಈ ಪ್ರವಾಸ ಎರಡು ಸಲ ಕೈತಪ್ಪಿತ್ತು, ಒಮ್ಮೆ ಕೋವಿಡ್‌ನಿಂದ, ಇನ್ನೊಮ್ಮೆ ಪ್ಲಾಂಟಿನ ಶಟ್‌ಡೌನ್‌ನಿಂದ. ಬದರೀನಾಥನದು ಏಳನೇ ಕ್ಲಾಸಿನಿಂದ ಪಿರಮಿಡ್ಡಿನ ಜಪ. ಸೂತಕ ಎಂದು ಗೊತ್ತಾದರೆ ಆ ಆಸಾಮಿ ಹತ್ತು ದಿನ ಹೊಸ್ತಿಲು ದಾಟುವವನಲ್ಲ. ಈ ಪರದೇಶದಿಂದ ಮೈಸೂರಿಗೆ ಹಾರಿದರೂ ಮುಖ ನೋಡಲು ಸಿಗುವುದಿಲ್ಲ. ಆಗ ಅವಳಿಗೆ, ಬೇರೆಲ್ಲ ಬಿಟ್ಟು, ಶಾಸ್ತ್ರ ನೆನಪಾಯಿತು: ಹತ್ತು ದಿನ ಕಳೆದ ಮೇಲೆ ಸುದ್ದಿ ಕಿವಿಗೆ ಬಿದ್ದರೆ ಮೂರೇ ದಿನ ಮೈಲಿಗೆ. ಪ್ರವಾಸವೂ ಹತ್ತು ದಿನದೊಳಗೇ ಮುಗಿಯುತ್ತಿತ್ತು.

"ವಾಪಸ್ ಬಂದ್ಮೇಲೆ ನಾನೇ ಹೇಳ್ತೀನಿ," ಎಂದಳು. "ಫ್ಯಾಮಿಲಿ ಗ್ರೂಪಲ್ಲಿ ಯಾರೂ ಹಾಕ್ದೇ ಇರೋ ಹಾಗೆ ನೋಡ್ಕೊಳಿ."

"ನಿಮ್ಮಿಷ್ಟ," ಎಂದ ದ್ವಾರಕನಾಥ.

ಗಂಡನ ಆಸೆಗಾಗಿ ಹೀಗೆ ಮಾಡಿದೆ ಎಂದು ತನಗೆ ತಾನೇ ಹೇಳಿಕೊಂಡಳು. ಅರ್ಧ ಸುಳ್ಳು. ಅವಳಿಗೂ ಹೋಗುವ ಆಸೆಯಿತ್ತು, ಬೆಟ್ಟದಷ್ಟಿತ್ತು.

ಆದರೆ ನೋಡಿ, ಸುದ್ದಿ ಅವಳ ಕಿವಿಗೆ ಬಿದ್ದಾಗಿತ್ತಲ್ಲ. ಗಂಡನಿಗಿಲ್ಲದ ಸೂತಕ ಅವಳಿಗೆ ಅಂಟಿತ್ತು. ಹೋಟೆಲಿನಲ್ಲಿ ಬೆಳಿಗ್ಗೆ ಕೈಮುಗಿಯಲಿಲ್ಲ, ಸ್ತೋತ್ರ ಹೇಳಲಿಲ್ಲ. ಕಾರ್ನಾಕ್‌ನಲ್ಲಂತೂ, ಪೂಜೆ ನಿಂತು ಎಷ್ಟೋ ಶತಮಾನವಾದ ಆ ದೇವಸ್ಥಾನದ ಗರ್ಭಗುಡಿಗೂ ಅವಳು ಕಾಲಿಡಲಿಲ್ಲ. ಮಂಡಿ ನೋವು ಎಂದು ಬಿಸಿಲಲ್ಲೇ ನಿಂತಳು. ಯಾವ ಊರಿನ ದೇವರೋ ಏನೋ, ದೇವರು ದೇವರೇ ತಾನೆ? ರಾಜರ ಕಣಿವೆಯಲ್ಲಿ ಒಂದು ಗೋರಿಯೊಳಗಿಳಿದಾಗ ಬದರೀನಾಥ ಗೋಡೆಯ ಚಿತ್ರ ತೋರಿಸಿದ. ಸತ್ತವರ ಮುಂದೆ ರೊಟ್ಟಿ, ಹಣ್ಣು, ಕೊಡಗಳ ಸಾಲು. "ನಮ್ಮ ಥರಾನೇ ಬಡಿಸಿದಾರೆ ಕಣೆ. ದೊಡ್ಡಮ್ಮಂಗೆ ಇದನ್ನ ತೋರಿಸ್ಬೇಕು," ಎಂದ. ವತ್ಸಲಾ ಗೋಡೆಯ ಕಡೆ ತಿರುಗಿ ಬಿಕ್ಕಿ ಬಿಕ್ಕಿ ಅತ್ತಳು. ಸೆಕೆಗೆ ಉಸಿರು ಕಟ್ಟಿತೆಂದು ಅವನು ನೀರು ಕುಡಿಸಿದ, ಪಾಪ. ಅಲ್ಲಿದ್ದಾಗ ಬಂದ ಭಾನುವಾರ ಅವನು ಫೋನು ತೆಗೆದರೆ, ನೆಟ್‌ವರ್ಕ್ ಇಲ್ಲ, ವಾಪಸ್ ಹೋದ ಮೇಲೆ ಮಾಡಿ ಎಂದು ಇವಳೇ ಕಸಿದುಕೊಂಡಿದ್ದಳು.

ಈಗ ವಾಪಸ್ ಬಂದಾಗಿದೆ, ಗಂಟೆ ಐದೂ ಮುಕ್ಕಾಲು. ಬದರೀನಾಥ ಸೋಫಾದ ಮೇಲೆ ಕೂತು ದೊಡ್ಡಮ್ಮನಿಗೆಂದು ಫೋಟೋ ಆರಿಸುತ್ತಿದ್ದ. ವತ್ಸಲಾ ಎದುರಿಗೆ ಬಂದು ನಿಂತಳು.

"ರೀ, ಇವತ್ತು ಕಾಲ್ ಮಾಡ್ಬೇಡಿ. ದೊಡ್ಡಮ್ಮ ಇಲ್ಲ."

"ಎಲ್ಲಿಗೆ ಹೋದ್ರು?"

"ಹೋಗ್ಬಿಟ್ರು ರೀ."

ಫೋನು ಅವನ ತೊಡೆಯ ಮೇಲೆ ಬಿತ್ತು. "ಯಾವಾಗ?" ಎಂದ.

"ನಾವು ಹೊರಟ ದಿನ. ಬೆಳಿಗ್ಗೆ ದ್ವಾರಕನಾಥ್ ನಂಗೆ ಫೋನ್ ಮಾಡಿದ್ರು. ನಾನೇ ಬೇಡ ಅಂದೆ. ನೀವು ಮತ್ತೆ ಕ್ಯಾನ್ಸಲ್ ಮಾಡ್ತೀರ ಅಂತ. ಹತ್ತು ದಿನ ಆದ್ಮೇಲೆ ಗೊತ್ತಾದ್ರೆ ಮೂರೇ ದಿನ ಅಂತ..." ಮಾತು ಮುಗಿಸುವಷ್ಟರಲ್ಲಿ ತನ್ನ ಮಾತು ತನಗೇ ಅಸಹ್ಯವಾಯಿತು.

ಅವನು ಬೈಯುತ್ತಾನೆ ಎಂದು ಕಾದಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ಅದಕ್ಕೇ ಕಾರ್ನಾಕ್‌ನಲ್ಲಿ ಒಳಗೆ ಬರಲಿಲ್ಲ," ಎಂದ ಮೆಲ್ಲಗೆ. "ಗೋರೀಲಿ ಅತ್ತಿದ್ದೂ ಅದಕ್ಕೇ."

"ಹೂಂ."

ಎದ್ದು, ಉಟ್ಟ ಬಟ್ಟೆಯಲ್ಲೇ ಬಚ್ಚಲಿಗೆ ಹೋದ. ಶವರ್ ಸದ್ದು ನಿಲ್ಲಲೇ ಇಲ್ಲ. ವತ್ಸಲಾ ಬಾಗಿಲಾಚೆ ಟವೆಲು ಹಿಡಿದು ನಿಂತಳು, ಎರಡು ಸಲ ಬಾಗಿಲು ತಟ್ಟಿದಳು. ಹೊರಗೆ ಬಂದಾಗ ಅವನ ಕಣ್ಣು ಕೆಂಡವಾಗಿತ್ತು. ಟವೆಲು ಚಾಚಿದಳು. ಅವನು ಒಂದು ಹೆಜ್ಜೆ ಹಿಂದೆ ಸರಿದ.

"ಮುಟ್ಟಬೇಡ. ನಿಂದು ನಿನ್ನೆಗೇ ಮುಗೀತು, ನಂದು ಇವತ್ತು ಶುರು."

"ಮೂರು ದಿನ ತಾನೆ ರೀ," ಎಂದಳು. ಅವಳ ದನಿ ಭಿಕ್ಷೆ ಬೇಡುವಂತಿತ್ತು.

"ಶಾಸ್ತ್ರಕ್ಕೆ ಮೂರು ಸಾಕು. ನಾನು ಹತ್ತೂ ದಿನ ಕೂತ್ಕೋತೀನಿ." ಬಟ್ಟೆಯಿಂದ ನೀರು ಇಳಿದು ನೆಲ ತೋಯುತ್ತಿತ್ತು. "ನೀನು ಹತ್ತು ದಿನ ನನ್ನ ದೊಡ್ಡಮ್ಮಂಗೋಸ್ಕರ ಅತ್ತೆ ವತ್ಸಲಾ. ನಾನು ನಿನ್ನ ಪಕ್ಕದಲ್ಲೇ ನಿಂತು ಫೋಟೋ ತೆಗೀತಿದ್ದೆ."