ಮೂರು ಕಡೆ ಹರಿದ ನೀಲಿ ಕೋಟು

ಅಮ್ಮನ ಬೂದು ಕೋಟಿನ ಮೊಣಕೈಯ ಹತ್ತಿರದ ಹೊಲಿಗೆಯೊಂದನ್ನು ಬ್ಲೇಡಿನ ಮೂಲೆಯಿಂದ ಎತ್ತಿ ಕತ್ತರಿಸಿದಾಗ ಕೆಂಪು ದಾರದ ಎಳೆ ಚಿಮ್ಮಿ ಮಗಳ ಮಡಿಲಿಗೆ ಬಿತ್ತು. ಪಕ್ಕದ ಮಂಚದ ಮೇಲೆ ಅಮ್ಮ ಮಲಗಿದ್ದಳು. ಬಿಳಿ ಹೊದಿಕೆ ಗಲ್ಲದವರೆಗೆ ಬಂದಿತ್ತು. ಯಾರೋ ಕೇಳಿದ ಪ್ರಶ್ನೆಗೆ ಉತ್ತರ ಕೊಡಬೇಕೋ ಬೇಡವೋ ಎಂದು ಇನ್ನೂ ಯೋಚಿಸುತ್ತಿರುವವಳ ಹಾಗೆ ತುಟಿ ಬಿಗಿದುಕೊಂಡಿದ್ದಳು.

"ಬೇಗ ಬೇಗ ಬಿಚ್ಚೇ," ಎಂದಳು ಚಿಕ್ಕಮ್ಮ. "ಹನ್ನೊಂದಕ್ಕೆ ಕ್ಲಬ್ಬಿನ ಬಸ್ಸು ಬರುತ್ತೆ. ಊರಿಗೆಲ್ಲಾ ರಫು ಮಾಡಿಕೊಟ್ಟವಳು. ಅವಳನ್ನ ಬೂದು ಕೋಟಿಗೆ ಕೆಂಪು ದಾರ ಹಾಕಿ ಕಳಿಸಿದ್ರೆ ನೋಡಿದೋರು ಏನಂದ್ಕೋತಾರೆ?"

"ಆ ದಾರ ಹಾಕಿದ್ದು ಅಮ್ಮಾನೇ ಅಲ್ವಾ ಚಿಕ್ಕಮ್ಮಾ."

"ಕಣ್ಣು ಹೋಗಿತ್ತು ಪಾಪ. ಬಣ್ಣ ಗೊತ್ತಾಗ್ತಿರ್ಲಿಲ್ಲ. ನಮ್ಮಕ್ಕ ಅಲ್ವಾ ಅಂತ ನಾನು ಬಾಯಿ ಬಿಡ್ಲಿಲ್ಲ ಅಷ್ಟೆ."

ಅಮ್ಮನ ಕಣ್ಣು ಹೋಗಿರಲಿಲ್ಲ. ಹೋದ ವಾರದವರೆಗೂ ಮೈದಾನದ ಆ ತುದಿಯ ಫಲಕದಲ್ಲಿ ಯಾರು ಎಷ್ಟು ಗೋಲು ಹೊಡೆದರೆಂದು ಅಡುಗೆಮನೆಯ ಕಿಟಕಿಯಿಂದಲೇ ಓದಿ ಹೇಳುತ್ತಿದ್ದಳು. ಮೊದಲ ಸಲಕ್ಕೇ ಸೂಜಿಗೆ ದಾರ ಪೋಣಿಸುತ್ತಿದ್ದಳು. ಇದು ಮಗಳಿಗೆ ಗೊತ್ತಿತ್ತು. ಆರು ವರ್ಷದ ಕೆಳಗೆ ಒಂದು ಸಂಜೆ ಇದ್ದಕ್ಕಿದ್ದಂತೆ ಅಮ್ಮ ಎಲ್ಲ ಬಟ್ಟೆಗೂ, ಬೂದಿರಲಿ ಬಿಳಿಯಿರಲಿ, ಕೆಂಪು ದಾರದಲ್ಲೇ ಹೊಲಿಯಲು ಶುರುಮಾಡಿದ್ದೇಕೆ ಎನ್ನುವುದು ಮಾತ್ರ ಗೊತ್ತಿರಲಿಲ್ಲ. ಕೇಳಿದಾಗಲೆಲ್ಲ, "ಹರಿದಿದ್ದು ಹರಿದ ಹಾಗೆ ಕಾಣ್ಲಿ ಬಿಡು," ಎಂದು ಬಾಯಿಯಲ್ಲಿ ದಾರ ಕಚ್ಚಿಕೊಳ್ಳುತ್ತಿದ್ದಳು. ಬಾಯಲ್ಲಿ ದಾರವಿರುವವರ ಜೊತೆ ಜಗಳ ಆಡುವುದು ಹೇಗೆ?

*

ಫುಟ್‌ಬಾಲ್ ಕ್ಲಬ್ಬಿನ ಗ್ಯಾಲರಿಯ ಮೆಟ್ಟಿಲುಗಳ ಕೆಳಗೆ, ಬಿಸಿನೀರಿನ ಕೊಳವೆ ಹಾದುಹೋಗುವ ಮೂಲೆಯಲ್ಲಿ ಅಮ್ಮನ ಹೊಲಿಗೆಯ ಕೋಣೆ. ಸೂರು ಓರೆಯಾಗಿದ್ದರಿಂದ ಅವಳೊಬ್ಬಳೇ ಅಲ್ಲಿ ನೆಟ್ಟಗೆ ನಿಲ್ಲುತ್ತಿದ್ದವಳು. ಆಟಗಾರರೆಲ್ಲ ತಲೆ ಬಗ್ಗಿಸಿಕೊಂಡೇ ಒಳಗೆ ಬರಬೇಕು. ಅವರು ಅವಳನ್ನು ಸೂಜಿಯಮ್ಮ ಎನ್ನುತ್ತಿದ್ದರು. ಜೆರ್ಸಿಗೆ ಅಂಕಿ ಹೊಲಿಯುವುದು, ಹರಿದ ಬಲೆ ಕಟ್ಟುವುದು, ಗೋಲ್‌ಕೀಪರ್‌ನ ಕೈಗವಸಿಗೆ ಹೊಸ ಅಂಗೈ ಹಾಕುವುದು, ಇದಕ್ಕೆ ಕ್ಲಬ್ಬು ಅವಳಿಗೆ ಕೆಲಸ ಕೊಟ್ಟಿತ್ತು. ಮೈದಾನದ ಹಿಂದೆ ಎರಡು ಕೋಣೆಯ ಮನೆಯನ್ನೂ ಕೊಟ್ಟಿತ್ತು.

ಹೆಸರು ಬಂದದ್ದು ಮಾತ್ರ ರಫು ಕೆಲಸದಿಂದ. ಬಟ್ಟೆಯ ಮಡಿಕೆಯೊಳಗಿನಿಂದ ಅದೇ ಬಟ್ಟೆಯ ಎಳೆಯೊಂದನ್ನು ಎಳೆದು ತೆಗೆಯುವುದು. ಆ ಎಳೆಯಿಂದಲೇ ಹರಿದ ಕಡೆ ಒಂದರ ಕೆಳಗೊಂದು, ಒಂದರ ಮೇಲೊಂದು ನೇಯುವುದು. ಮುಗಿದ ಮೇಲೆ ಬಟ್ಟೆಯನ್ನು ಕಿಟಕಿಗೆ ಹಿಡಿದು, "ಹುಡುಕು ನೋಡೋಣ," ಎಂದು ಮಗಳಿಗೆ ಸವಾಲು ಹಾಕುವುದು. ಮಗಳು ಒಂದು ಸಲವೂ ಗೆಲ್ಲಲಿಲ್ಲ.

ಮಲಗುವಾಗ ಅಮ್ಮ ಆಕಾಶ ಹೊಲಿದವಳ ಕತೆ ಹೇಳುತ್ತಿದ್ದಳು. ಒಂದು ಕಾಲದಲ್ಲಿ ಆಕಾಶ ಹರಿದುಹೋಯಿತಂತೆ. ಒಬ್ಬಳು ಮೋಡದ ಮೇಲೆ ಕೂತು, ಆಕಾಶದ ಅಂಚಿನಿಂದಲೇ ನೂಲು ತೆಗೆದು ಹೊಲಿದಳಂತೆ. ಎಷ್ಟು ಚೆನ್ನಾಗಿ ಹೊಲಿದಳೆಂದರೆ ಮಳೆಗೆ ಹೊರಗೆ ಬರುವ ದಾರಿಯೇ ಸಿಗಲಿಲ್ಲ. ಕೊನೆಗೊಂದು ಹಕ್ಕಿ ಕೊಕ್ಕಿನಿಂದ ಒಂದೇ ಒಂದು ಹೊಲಿಗೆ ಎತ್ತಿತು, ಭೂಮಿ ತಣ್ಣಗಾಯಿತು.

ಆರು ವರ್ಷದ ಕೆಳಗೆ ಆ ಸಂಜೆಯಾದ ಮೇಲೆ ಚಿಕ್ಕಮ್ಮನ ಮೊಮ್ಮಗಳಿಗೆ ಅದೇ ಕತೆ ಹೇಳುವಾಗ ಅಮ್ಮ ನಡುವೆಯೇ ನಿಲ್ಲಿಸಿದಳು. ಮಗು, "ಹಕ್ಕಿ?" ಎಂದಿತು.

"ಹಕ್ಕಿ ಬರ್ಲಿಲ್ಲ ಕಣೇ. ಮೋಡಗಳು ಇನ್ನೂ ಹುಡುಕ್ತಾನೇ ಇವೆ."

*

ಹತ್ತು ಗಂಟೆಗೆ ಕ್ಲಬ್ಬಿನ ಮ್ಯಾನೇಜರ್ ಬಂದ. ಹೊಸಿಲಲ್ಲಿ ಬೂಟು ಬಿಚ್ಚಲೋ ಬೇಡವೋ ಎಂದು ನೋಡಿ, ಬಿಚ್ಚದೆ ಒಳಗೆ ಬಂದು, ಅಮ್ಮನ ಕಾಲ ಬಳಿ ಒಂದು ನಿಮಿಷ ತಲೆ ತಗ್ಗಿಸಿ ನಿಂತ. ತೋಳಿನಲ್ಲಿ ಮಡಚಿದ ಕ್ಲಬ್ಬಿನ ಬಾವುಟ. ಅದನ್ನು ಹೊಲಿದವಳೂ ಅಮ್ಮನೇ.

"ಪೆಟ್ಟಿಗೆ ಮೇಲೆ ಇದನ್ನ ಹೊದಿಸೋಣ," ಎಂದ. "ಹುಡುಗ್ರೆಲ್ಲಾ ಬರ್ತಿದಾರೆ. ಹೆಗಲು ಅವರೇ ಕೊಡ್ತಾರೆ. ಮುಂದಿನ ಬಲಗಡೆ ನಮ್ಮ ಗೋಡೆ."

ಗೋಡೆ ಎಂದರೆ ಗೋಲ್‌ಕೀಪರ್. ಅವನನ್ನು ದಾಟಿ ಚೆಂಡು ಹೋಗುವುದಿಲ್ಲವೆಂದು ಜನ ಇಟ್ಟ ಹೆಸರು. ಆರು ವರ್ಷದ ಕೆಳಗೆ ಅವನ ಹೆಂಡತಿ ಕ್ಲಬ್ಬಿಗೆ ದೂರು ಕೊಟ್ಟಿದ್ದಳು, ಹೊಡೆಯುತ್ತಾನೆ ಎಂದು. ಕ್ಲಬ್ಬು ಅವನನ್ನು ಏಳು ಪಂದ್ಯ ಹೊರಗಿಟ್ಟು, ಕಮಿಟಿ ಮಾಡಿ, ಏನೂ ಸಾಬೀತಾಗಲಿಲ್ಲವೆಂದು ಮತ್ತೆ ಒಳಗೆ ಕರೆದುಕೊಂಡಿತು. ಎಂಟನೆಯ ಪಂದ್ಯದಲ್ಲಿ ಅವನು ಮೈದಾನಕ್ಕೆ ಇಳಿದಾಗ ಗ್ಯಾಲರಿಯ ಜನ ಎಷ್ಟು ಕುಣಿದಿದ್ದರೆಂದರೆ ಅಮ್ಮನ ಕೋಣೆಯ ಸೂರಿನಿಂದ ಸುಣ್ಣ ಉದುರಿತ್ತು.

"ಅವನೇ ಯಾಕೆ ಸಾರ್?" ಎಂದಳು ಮಗಳು.

"ಮೊನ್ನೆ ತಾನೆ ಕ್ಯಾಪ್ಟನ್ ಮಾಡಿದೀವಲ್ಲಮ್ಮ. ಪೇಪರಿನೋರು ಹಳೇದನ್ನೆಲ್ಲ ಕೆದಕ್ತಾ ಕೂತಿದಾರೆ. ಫೋಟೊದವನು ಬರ್ತಾನೆ. ತಾಯಿ ಸಮಾನ ಹೆಂಗಸಿಗೆ ಹೆಗಲು ಕೊಡೋದನ್ನೂ ಜನ ನೋಡ್ಲಿ. ಮನುಷ್ಯ ಅಂದ್ಮೇಲೆ ಎರಡನೇ ಅವಕಾಶ ಅಂತ ಒಂದಿರ್ಬೇಕು."

ಬಾಗಿಲ ಬಳಿ ಕುಕ್ಕರುಗಾಲಲ್ಲಿ ಕೂತಿದ್ದ ಹುಲ್ಲುತಾತ ಕೆಮ್ಮಿದ. ಮೈದಾನದ ಹುಲ್ಲು ಕತ್ತರಿಸುವುದು ಅವನ ಕೆಲಸ. ಕ್ಲಬ್ಬಿನಲ್ಲಿ ಅಮ್ಮನಿಗಿಂತ ಹಳಬ ಅವನೊಬ್ಬನೇ. "ಇದು ಎರಡನೇದಾ, ಮೂರನೇದಾ ಸಾರ್? ನಂಗೆ ಗೋಲು ಬಿಟ್ರೆ ಬೇರೆ ಎಣಿಕೆ ಬರಲ್ಲ."

"ನೀನು ಸುಮ್ನಿರಯ್ಯ ತಾತ. ಸತ್ತ ಮನೇಲೂ ನಿನ್ನ ನಾಲಿಗೆ ಸುಮ್ನಿರಲ್ಲ."

"ನನ್ನ ಬಾಯಿ ಹೊಲಿಯೋಳು ಹೋದ್ಲಲ್ಲಾ ಸಾರ್. ಇನ್ಮೇಲೆ ಹೀಗೇ."

ಮ್ಯಾನೇಜರ್ ಮಗಳ ಕಡೆ ತಿರುಗಿ ದನಿ ಇಳಿಸಿದ. "ನೀನೇನೂ ಚಿಂತೆ ಮಾಡ್ಬೇಡಮ್ಮ. ಸೋಮವಾರದಿಂದ ಮಷಿನ್ ಮುಂದೆ ನೀನೇ ಕೂತ್ಕೋ. ಕೋಣೆ ಕೀ ನಿನ್ನತ್ರಾನೇ ಇರ್ಲಿ. ಮನೆನೂ ಖಾಲಿ ಮಾಡೋದು ಬೇಡ. ಕ್ಲಬ್ಬು ಅಂದ್ರೆ ಒಂದು ಸಂಸಾರ ಅಲ್ವಾ?"

ಚಿಕ್ಕಮ್ಮ ಕಣ್ಣೊರೆಸಿಕೊಂಡು, "ಹೂಂ ಅನ್ನೇ," ಎಂದು ಮಗಳ ಪಕ್ಕೆ ತಿವಿದಳು.

ಮಗಳು ಹೂಂ ಎಂದಳು. ಅವಳು ಕೆಲಸಕ್ಕೆ ಹೋಗುತ್ತಿದ್ದ ಪರದೆ ಹೊಲಿಯುವ ಕಾರ್ಖಾನೆ ಮುಚ್ಚಿ ಎಂಟು ತಿಂಗಳಾಗಿತ್ತು. ಈ ಎರಡು ಕೋಣೆ ಬಿಟ್ಟರೆ ಅವಳಿಗೆ ತಲೆ ಇಡಲು ಜಾಗವಿರಲಿಲ್ಲ. ಬಾವುಟವನ್ನು ಇಸಿದುಕೊಂಡು ಕುರ್ಚಿಯ ಮೇಲಿಟ್ಟು ಮತ್ತೆ ಬ್ಲೇಡು ಹಿಡಿದಳು.

*

ಮ್ಯಾನೇಜರ್ ಅತ್ತ ಹೋದ ಸ್ವಲ್ಪ ಹೊತ್ತಿಗೆ ಅಡುಗೆಮನೆಯ ಹಿಂಬಾಗಿಲನ್ನು ಯಾರೋ ಎರಡು ಬೆರಳಿನಿಂದ ತಟ್ಟಿದರು. ಆ ಸದ್ದು ಮಗಳಿಗೆ ಗೊತ್ತಿತ್ತು. ಒಂದು ಕಾಲದಲ್ಲಿ ತಿಂಗಳಿಗೆ ಒಂದು ಸಲವೋ ಎರಡು ಸಲವೋ ಕೇಳುತ್ತಿತ್ತು. ಬಾಗಿಲು ತೆಗೆದರೆ ಗೋಡೆಯ ಹೆಂಡತಿ ಕೈಯಲ್ಲೊಂದು ಗಂಟು ಹಿಡಿದು ನಿಂತಿರುತ್ತಿದ್ದಳು. "ಬಾಗಿಲ ಹಿಡಿಗೆ ಸಿಕ್ಕಿ ಹರೀತು ಸೂಜಿಯಮ್ಮಾ," ಎನ್ನುತ್ತಿದ್ದಳು. ಅಮ್ಮ ಗಂಟು ತೆಗೆದುಕೊಂಡು, "ನಾಳೆ ಬಾ," ಎನ್ನುತ್ತಿದ್ದಳು. ಅವಳು ಹೋದ ಮೇಲೆ ಬಟ್ಟೆಯನ್ನು ಹರಡಿ, ಕಾಲರಿನ ಹತ್ತಿರ ಬೆರಳಾಡಿಸಿ, "ಇಷ್ಟು ಎತ್ತರದಲ್ಲಿ ಯಾವ ಮನೆ ಬಾಗಿಲಿಗೆ ಹಿಡಿ ಇರುತ್ತೆ?" ಎಂದು ತನ್ನಷ್ಟಕ್ಕೆ ಗೊಣಗುತ್ತಿದ್ದಳು. ಅಷ್ಟೇ. ಮರುದಿನ ಬಟ್ಟೆ ಹೊಸದರ ಹಾಗೆ ತಯಾರಾಗಿರುತ್ತಿತ್ತು.

ಈಗಲೂ ಅದೇ ಹೆಂಗಸು, ಕೈಯಲ್ಲೊಂದು ಗಂಟು. ಕೂದಲು ಅರ್ಧ ನರೆತಿತ್ತು. ಗೋಡೆಯನ್ನು ಬಿಟ್ಟು ಊರಾಚೆ ಒಬ್ಬಳೇ ಇದ್ದಾಳೆಂದು ಮಗಳು ಕೇಳಿದ್ದಳು.

"ಒಳಗೆ ಬರಲ್ಲ," ಎಂದಳು ಅವಳು. "ಇದನ್ನ ಕೊಟ್ಟು ಹೋಗ್ತೀನಿ."

ಗಂಟು ಬಿಚ್ಚಿದಳು. ನೀಲಿ ಉಣ್ಣೆಯ ಕೋಟು. ಎಡಗಡೆ ಕಾಲರು, ಎಡ ತೋಳು ಭುಜಕ್ಕೆ ಸೇರುವ ಜಾಗ, ಎರಡನೆಯ ಗುಂಡಿಯ ಕೆಳಗೆ, ಮೂರು ಕಡೆ ಹರಿದು ಬಾಯಿ ಬಿಟ್ಟಿತ್ತು. ಪ್ರತಿ ಹರುಕಿನ ಸುತ್ತಲೂ ಒತ್ತೊತ್ತಾಗಿ ಕೆಂಪು ದಾರ. ಅದು ಅಮ್ಮನ ಕೈ. ಮಗಳು ಕಣ್ಣು ಮುಚ್ಚಿಕೊಂಡೂ ಹೇಳುತ್ತಿದ್ದಳು.

"ಕಮಿಟಿ ಮುಂದೆ ಇಟ್ಟಿದ್ದು ಇದೇ ಕೋಟು," ಎಂದಳು ಹೆಂಗಸು. "ನಂಗೆ ಇದ್ದಿದ್ದು ಒಂದೇ. ಚಳಿಗೆ ಬೇಕಲ್ಲ ಅಂತ ನಿಮ್ಮಮ್ಮನ ಕೈಲಿ ಹೊಲಿಸಿದ್ದೆ. ದೂರು ಕೊಡೋ ಧೈರ್ಯ ಬಂದಿದ್ದು ಆಮೇಲೆ. ಅಷ್ಟರಲ್ಲಿ ಮೈ ಮೇಲಿನ ಗಾಯಾನೂ ಮಾಯ್ದಿತ್ತು. ಐದು ಜನ ಕೂತಿದ್ರು, ನಡುವೆ ಮ್ಯಾನೇಜರ್. ಹೀಗೆ ಹಿಡಿದ, ಹೀಗೆ ಎಳೆದ ಅಂತ ಹೇಳಿದೆ. ಕಿಟಕಿಗೆ ಹಿಡಿದು ನೋಡಿದ್ರು. ಕನ್ನಡಕ ಬದಲಾಯಿಸಿ ನೋಡಿದ್ರು. ‘ಎಲ್ಲಮ್ಮಾ ಹರಿದಿದೆ, ತೋರಿಸು’ ಅಂದ್ರು. ನಂಗೇ ಸಿಗಲಿಲ್ಲ."

ಮಗಳು ಕಾಲರಿನ ಕೆಂಪು ದಾರದ ಮೇಲೆ ಬೆರಳಾಡಿಸಿದಳು.

"ಆಮೇಲೆ ನಿಮ್ಮಮ್ಮನ್ನ ಕರೆಸಿದ್ರು. ಬಾಗಿಲಲ್ಲಿ ಅವರ ಮುಖ ಕಂಡಾಗ ಹೋದ ಜೀವ ಬಂತು ನಂಗೆ. ‘ಇದನ್ನ ನೀನು ಹೊಲಿದಿದೀಯಾ?’ ಅಂದ್ರು. ಅವರು ಕೋಟು ನೋಡಿದ್ರು, ನನ್ನ ನೋಡಿದ್ರು. ಅವನು ಆಚೆ ಕುರ್ಚೀಲಿ ಕೂತಿದ್ದ. ‘ದಿನಾ ಎಷ್ಟೋ ಬಟ್ಟೆ ಬರುತ್ತೆ ಸಾರ್. ನೆನಪಿಲ್ಲ’ ಅಂದ್ರು."

ನೆನಪಿಲ್ಲ. ಮೂವತ್ತು ವರ್ಷದ ಹಿಂದೆ ಯಾವನದೋ ಚಡ್ಡಿ ಯಾವ ಪಂದ್ಯದಲ್ಲಿ ಯಾವ ಹೊಲಿಗೆಯಲ್ಲಿ ಬಿಟ್ಟಿತ್ತೆಂದು ಹೇಳಿ ಎಲ್ಲರನ್ನೂ ನಗಿಸುತ್ತಿದ್ದವಳು. ಮಗಳಿಗೆ ಆ ಸಂಜೆ ಕಣ್ಣ ಮುಂದೆ ಬಂತು. ಅಮ್ಮ ಮನೆಗೆ ಬಂದು, ಚಪ್ಪಲಿ ಬಿಡದೆ ಮಂಚದ ಮೇಲೆ ಕೂತು, "ಮನೆ ಉಳೀತು," ಎಂದಿದ್ದಳು. ಯಾವ ಮನೆ, ಯಾಕೆ ಎಂದು ಮಗಳು ಕೇಳುವ ಮೊದಲೇ ಡಬ್ಬಿ ತಡಕಿ ಕೆಂಪು ದಾರದ ಉಂಡೆ ತೆಗೆದಿದ್ದಳು.

"ಹೋದ ತಿಂಗಳು ನಮ್ಮನೆ ಹುಡುಕ್ಕೊಂಡು ಬಂದ್ರು," ಹೆಂಗಸು ಹೇಳುತ್ತಿದ್ದಳು. "‘ಕೋಟು ಇದೆಯಾ?’ ಅಂದ್ರು. ನಾನು ಒಳಗೆ ಕರೀಲಿಲ್ಲ. ಮೆಟ್ಟಿಲ ಮೇಲೇ ಕೂತ್ರು. ತಾವೇ ಹಾಕಿದ ಹೊಲಿಗೆ ಅವರಿಗೇ ಸಿಗ್ತಿರ್ಲಿಲ್ಲ. ಕಣ್ಣು ಮುಚ್ಕೊಂಡು ಬೆರಳಲ್ಲಿ ತಡಕಿದ್ರು. ಮಧ್ಯಾಹ್ನ ಆಯ್ತು. ಒಂದೊಂದೇ ಎಳೆ ಬಿಚ್ಚಿ, ಮೊದಲು ಹೇಗಿತ್ತೋ ಹಾಗೇ ಮಾಡಿ, ಸುತ್ತ ಈ ಕೆಂಪು ಹಾಕಿದ್ರು. ‘ಇನ್ಯಾರಾದ್ರೂ ಕೇಳಿದ್ರೆ ನಾನು ಬಂದು ಹೇಳ್ತೀನಿ’ ಅಂದ್ರು. ಆರು ವರ್ಷ ಆದ್ಮೇಲೆ! ಯಾರು ಕೇಳ್ತಾರೆ?"

"ನೀವು... ಅಮ್ಮನ್ನ ಕ್ಷಮಿಸಿದ್ರಾ?"

"ಇಲ್ಲ." ಹೆಂಗಸು ಖಾಲಿಯಾದ ಗಂಟಿನ ಬಟ್ಟೆಯನ್ನು ನಾಲ್ಕಾಗಿ ಮಡಚಿದಳು. "ಕುಡಿಯೋಕೆ ನೀರು ಕೊಟ್ಟೆ. ಅಷ್ಟೆ."

ಮೂರು ಹೆಜ್ಜೆ ಹೋಗಿ ತಿರುಗಿದಳು. "ಅವರ ಕೆಲಸ ಅದು, ಅವರ ಜೊತೇಲೇ ಕಳಿಸು. ಬೇಡ ಅಂದ್ರೆ ಸುಡು. ನಂಗಂತೂ ಮನೇಲಿ ಇಟ್ಕೊಳ್ಳೋಕೆ ಆಗಲ್ಲ."

*

ಮಗಳು ಒಳಗೆ ಬಂದು ಕೂತಳು. ಬೂದು ಕೋಟಿನ ಮೊಣಕೈಯ ಕೆಂಪು ಅರ್ಧ ಹೋಗಿತ್ತು, ಅರ್ಧ ಉಳಿದಿತ್ತು. ಮಡಿಲಿನಲ್ಲಿ ಬಿದ್ದಿದ್ದ ಎಳೆಗಳಲ್ಲಿ ಉದ್ದದ್ದೊಂದನ್ನು ಎತ್ತಿ ಬೆಳಕಿಗೆ ಹಿಡಿದಳು. ಬಿಚ್ಚಿದ ಮೇಲೂ ದಾರ ನೆಟ್ಟಗಾಗದೆ, ಹೊಲಿಗೆಯಲ್ಲಿ ಕೂತಿದ್ದ ಹಾಗೇ ಅಂಕುಡೊಂಕಾಗಿ ನಿಂತಿತ್ತು. ಅದನ್ನೇ ಸೂಜಿಗೆ ಪೋಣಿಸಿದಳು.

"ಅಯ್ಯೋ, ಬಿಚ್ಚು ಅಂದ್ರೆ ಮತ್ತೆ ಹಾಕ್ತಿದೀಯಲ್ಲೇ!" ಎಂದಳು ಚಿಕ್ಕಮ್ಮ. "ತಲೆಗಿಲೆ ಕೆಟ್ಟಿದ್ಯಾ?"

ಮಗಳ ಬಾಯಲ್ಲಿ ದಾರವಿತ್ತು.

ಹನ್ನೊಂದಕ್ಕೆ ಬಸ್ಸು ಬಂತು. ಆಟಗಾರರು ಜೆರ್ಸಿಯ ಮೇಲೆ ಕಪ್ಪು ಪಟ್ಟಿ ಕಟ್ಟಿಕೊಂಡು ಬೀದಿಯಲ್ಲಿ ಸಾಲಾಗಿ ನಿಂತರು. ಗೋಡೆ ಎಲ್ಲರಿಗಿಂತ ಒಂದು ತಲೆ ಎತ್ತರ. ಹತ್ತಿರ ಬಂದು ಮಗಳ ಎದುರು ಕೈ ಕಟ್ಟಿಕೊಂಡು, "ನನ್ನ ಗ್ಲೌಸು ಅವರು ಹೊಲಿದ್ರೇನೇ ಕೂರ್ತಿತ್ತು," ಎಂದ. ಅವನ ಕಣ್ಣಿನಲ್ಲಿ ನಿಜವಾಗಿಯೂ ನೀರಿತ್ತು. ಮಗಳಿಗೆ ಅದು ಎಲ್ಲಕ್ಕಿಂತ ಕಷ್ಟವಾಯಿತು.

"ಬೇಡ ಅಂದ್ಬಿಡು," ಎಂದು ಹುಲ್ಲುತಾತ ಅವಳ ಕಿವಿಯಲ್ಲಿ ಹೇಳಿದ. "ನಾನು ಕೊಡ್ತೀನಿ ಹೆಗಲು. ಮುದುಕ ಆದ್ರೂ ಬೀಳಲ್ಲ."

"ಇಲ್ಲ ತಾತ. ಅವನೇ ಹೊರ್ಲಿ."

ಪೆಟ್ಟಿಗೆ ಮುಚ್ಚಿದ ಮೇಲೆ ಎಲ್ಲರೂ ಬಾವುಟಕ್ಕಾಗಿ ಕಾದರು. ಫೋಟೊದವನು ಎದುರು ಕಟ್ಟೆ ಹತ್ತಿ ನಿಂತಿದ್ದ. ಮಗಳು ಒಳಗಿನಿಂದ ನೀಲಿ ಕೋಟನ್ನು ತಂದು, ಕಾಲರು ಮುಂದಕ್ಕೆ ಬರುವಂತೆ ಮುಚ್ಚಳದ ಮೇಲೆ ಹಾಸಿ, ಮಗುವಿಗೆ ಹೊದಿಸುವ ಹಾಗೆ ಅಂಗೈಯಿಂದ ಸವರಿದಳು. ಎಡ ತೋಳು ಮುಂದಿನ ಬಲಗಡೆಗೆ ಇಳಿಬಿತ್ತು.

"ಇದೇನಮ್ಮ ಇದು?" ಮ್ಯಾನೇಜರ್ ಓಡಿ ಬಂದ. "ಬಾವುಟ ಎಲ್ಲಿ?"

"ಇದು ಅಮ್ಮನ ಕೊನೇ ಕೆಲಸ ಸಾರ್."

"ಹರುಕು ಕೋಟಲ್ವೇನಮ್ಮ ಇದು..." ಅವನು ಕಾಲರನ್ನು ಮುಟ್ಟಿ, ಕೈ ಹಿಂದಕ್ಕೆ ತೆಗೆದ. ಹಣೆ ಗಂಟಿಕ್ಕಿದ. "ಇದನ್ನ ಎಲ್ಲೋ ನೋಡಿದೀನಲ್ಲಾ."

"ಕಿಟಕಿಗೆ ಹಿಡಿದು ನೋಡಿದ್ರಿ. ಆಗ ಕಾಣಿಸಿರ್ಲಿಲ್ಲ."

ಅಷ್ಟರಲ್ಲಿ ಹಿಂದಿದ್ದವನೊಬ್ಬ "ಹೂಂ, ಎತ್ರೋ," ಎಂದಿದ್ದ. ಆರು ಹೆಗಲ ಮೇಲೆ ಪೆಟ್ಟಿಗೆ ಎದ್ದಿತು. ಮಗಳು ಮಡಚಿದ ಬಾವುಟವನ್ನು ಮ್ಯಾನೇಜರನ ತೋಳಿಗೆ ಹಾಕಿ, ಅದರ ಮೇಲೆ ಹೊಲಿಗೆ ಕೋಣೆಯ ಕೀಲಿಕೈ ಇಟ್ಟಳು. ಚಿಕ್ಕಮ್ಮ ಬಾಯಿಗೆ ಸೆರಗಿಟ್ಟುಕೊಂಡಳು.

ಗೋಡೆ ಮೊದಲ ಹೆಜ್ಜೆ ಇಟ್ಟಾಗ ನೀಲಿ ತೋಳು ಅವನ ಕೆನ್ನೆಗೆ ತಗುಲಿತು. ಏನೆಂದು ಕತ್ತು ಹೊರಳಿಸಿದ. ಕಣ್ಣಿಂದ ಗೇಣು ದೂರದಲ್ಲಿ ಭುಜದ ಹರುಕು, ಅದರ ಸುತ್ತಲಿನ ಕೆಂಪು. ಅವನ ಹೆಜ್ಜೆ ತಪ್ಪಿತು, ಪೆಟ್ಟಿಗೆ ಒಂದು ಸಲ ವಾಲಿತು, ಹಿಂದಿದ್ದವರು, "ನೋಡ್ಕೊಂಡು ಕ್ಯಾಪ್ಟನ್!" ಎಂದರು. ಕಟ್ಟೆಯ ಮೇಲಿಂದ ಕ್ಯಾಮೆರಾ ಸದ್ದು ಮಾಡಿತು, ಮತ್ತೆ ಮಾಡಿತು.

ಬೀದಿ ಉದ್ದವಿತ್ತು. ಮೈದಾನದ ಕಡೆಯಿಂದ ಗಾಳಿ ಬೀಸುತ್ತಿತ್ತು. ಎಂಥ ಚೆಂಡನ್ನೂ ತಡೆಯುತ್ತಿದ್ದ ಆ ಎರಡು ಕೈಗಳೂ ಪೆಟ್ಟಿಗೆಯನ್ನು ಹಿಡಿದಿದ್ದವು. ಖಾಲಿ ತೋಳು ಎದ್ದು ಎದ್ದು ಅವನ ಮುಖಕ್ಕೆ ಬಡಿಯುತ್ತಲೇ ಇತ್ತು.