ಒಗೆಯಬಾರದಾಗಿದ್ದ ಬನಿಯನ್

ದೊಡ್ಡಕ್ಕನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಕ್ಲಬ್ಬಿನವರೆಲ್ಲ ಹೇಳುತ್ತಿದ್ದರು. ಶುದ್ಧ ಸುಳ್ಳು. ಇಪ್ಪತ್ತು ವರ್ಷ ಕಂಡವರ ಬೆವರು ಒಗೆದವಳಿಗೆ ಸಿಟ್ಟು ಮಾಡಿಕೊಳ್ಳಲು ಪುರುಸೊತ್ತಾದರೂ ಎಲ್ಲಿತ್ತು? ಅವಳಿಗೆ ನಿಜವಾದ ಸಿಟ್ಟು ಬಂದದ್ದು ಆ ಸೋಮವಾರ ಬೆಳಿಗ್ಗೆ, ಇಸ್ತ್ರಿ ಮೇಜಿನ ಮೇಲಿನ ಟಿವಿ ನೋಡುತ್ತಾ. ಬಂದದ್ದು ಮತ್ತೆ ಇಳಿಯಲಿಲ್ಲ.

ಒಗೆಯುವ ಕೋಣೆ ಇದ್ದದ್ದು ಫುಟ್‌ಬಾಲ್ ಕ್ರೀಡಾಂಗಣದ ಮೆಟ್ಟಿಲುಗಳ ಅಡಿಯಲ್ಲಿ. ಕಿಟಕಿಯಿಲ್ಲ. ಸಾಲಾಗಿ ಮೂರು ದೊಡ್ಡ ಯಂತ್ರ, ಗೋಡೆಯುದ್ದಕ್ಕೂ ನಂಬರು ಬರೆದ ಕೊಕ್ಕೆ, ನಾಲ್ವರು ಹೆಂಗಸರು. ಮೇಲೆ ಗೋಲಾದರೆ ಜನ ಎದ್ದು ಕುಣಿಯುತ್ತಾರೆ, ಚಾವಣಿಯಿಂದ ಸುಣ್ಣದ ಪುಡಿ ತಲೆಯ ಮೇಲೆ ಉದುರುತ್ತದೆ. ಪಂದ್ಯದ ಸುದ್ದಿ ಇವರಿಗೆ ತಿಳಿಯುತ್ತಿದ್ದುದು ಹಾಗೆ. ಭಾನುವಾರ ಕಪ್ಪಿನ ಕೊನೆಯ ಪಂದ್ಯ, ಕೊನೆಯ ನಿಮಿಷದ ಪೆನಾಲ್ಟಿ. ಹೆಂಗಸರು ತಲೆಗೆ ಟವೆಲು ಹೊದ್ದು ಕಾದರು. ಪುಡಿ ಬೀಳಲೇ ಇಲ್ಲ.

ಒದ್ದವನು ‘ಬಂಗಾರದ ಕಾಲು’. ಅಭಿಮಾನಿಗಳು ಇಟ್ಟ ಹೆಸರು ಅದು, ಅವನ ಅಮ್ಮನೂ ಈಗ ಹಾಗೇ ಕರೆಯುತ್ತಾಳೋ ಏನೋ. ಅವನ ಒಂದು ವಾರದ ಸಂಬಳದಲ್ಲಿ ಈ ನಾಲ್ವರನ್ನೂ ಅವರ ಯಂತ್ರಗಳನ್ನೂ ವರ್ಷಗಟ್ಟಲೆ ಸಾಕಬಹುದಿತ್ತು. ಅವನಿಗೊಂದು ಬೂದು ಬಣ್ಣದ ಬನಿಯನ್ ಇತ್ತು. ಅಂಗಿಯ ಒಳಗೆ ಅದನ್ನು ಹಾಕಿಕೊಂಡೇ ಆಡುತ್ತಿದ್ದ, ಆಟದ ಕಾಲ ಮುಗಿಯುವವರೆಗೆ ನೀರು ತಾಗಿಸುತ್ತಿರಲಿಲ್ಲ. ಒಗೆದರೆ ಅದೃಷ್ಟ ಹೋಗುತ್ತದಂತೆ. ಅದರ ನಾತಕ್ಕೆ ಪಕ್ಕದಲ್ಲಿ ಬಟ್ಟೆ ಬದಲಿಸುವವರು ಮೂಗು ಮುಚ್ಚಿಕೊಳ್ಳುತ್ತಿದ್ದರು, ಆದರೆ ಅಷ್ಟು ದುಬಾರಿ ನಾತಕ್ಕೆ ಎದುರಾಡುವವರು ಯಾರು?

ಆ ಸೋಮವಾರ ಟಿವಿಯಲ್ಲಿ ಅವನು ಮುಖ ಸಣ್ಣದು ಮಾಡಿಕೊಂಡು ಹೇಳಿದ: "ನನ್ನ ಬನಿಯನ್ನ ಯಾರೋ ಒಗೆದುಬಿಟ್ಟಿದ್ರು. ಮೈದಾನಕ್ಕೆ ಇಳಿಯುವಾಗ್ಲೇ ನನ್ನ ಮನಸ್ಸು ಕೆಟ್ಟುಹೋಯ್ತು."

ಸಂದರ್ಶನ ಮಾಡುವವನು ಅಯ್ಯೋ ಎಂದು ತಲೆ ಅಲ್ಲಾಡಿಸಿದ. "ಒಗೆಯೋ ಹೆಂಗಸು ಮಾಡಿದ ಎಡವಟ್ಟು ಅನ್ನಿ."

ದೊಡ್ಡಕ್ಕನ ಪಿತ್ತ ನೆತ್ತಿಗೇರಿತು. ಕೈಯಲ್ಲಿದ್ದ ಕಾಲುಚೀಲದ ಜೋಡಿಯನ್ನು ಟಿವಿಯ ಮುಖಕ್ಕೆ ಎಸೆದಳು.

ಸಿಟ್ಟಿಗೆ ಕಾರಣವಿತ್ತು. ಪ್ರತಿ ಆಟಗಾರನಿಗೂ ನಂಬರಿನ ಒಂದು ಬಲೆಚೀಲ. ಒಗೆಯಬೇಕಾದ್ದನ್ನು ಅವನೇ ಅದಕ್ಕೆ ತುಂಬಿ, ಬಾಯಿಗೆ ದೊಡ್ಡ ಪಿನ್ನು ಹಾಕಿ, ಕೊಕ್ಕೆಗೆ ತೂಗುಹಾಕಬೇಕು. ಚೀಲ ಹಾಗೇ ಯಂತ್ರಕ್ಕೆ ಹೋಗುತ್ತದೆ, ಹಾಗೇ ಒಣಗುತ್ತದೆ, ಹಾಗೇ ವಾಪಸು ಬರುತ್ತದೆ. ಒಗೆಯುವವರು ಪಿನ್ನು ಮುಟ್ಟುವಂತಿಲ್ಲ. ಹಿಂದೆ ಒಬ್ಬ ಆಟಗಾರನ ಉಂಗುರ ಕಳೆದಾಗ ಆ ನಿಯಮ ಮಾಡಿದ್ದರು. ಉಂಗುರ ಅವನ ಕಾರಿನ ಸೀಟಿನ ಕೆಳಗೇ ಸಿಕ್ಕಿತು, ಆದರೂ ನಿಯಮ ಉಳಿಯಿತು. ಹೆಂಗಸರ ಮೇಲಿನ ಅನುಮಾನವೂ ಉಳಿಯಿತು. ಅಂದಮೇಲೆ ಬನಿಯನ್ ಚೀಲದೊಳಗೆ ಬಂದದ್ದು ಒಂದೇ ಕೈಯಿಂದ. ಅದು ಇಡೀ ಕ್ಲಬ್ಬಿಗೆ ಗೊತ್ತಿತ್ತು, ಹೇಳುವ ಬಾಯಿ ಮಾತ್ರ ಇರಲಿಲ್ಲ.

ಮಧ್ಯಾಹ್ನ ಮ್ಯಾನೇಜರ್ ಕರೆಸಿದ. ಅವನ ಕೋಣೆಯಲ್ಲಿ ಮೆತ್ತನೆಯ ಕುರ್ಚಿ, ಮಾತೂ ಅಷ್ಟೇ ಮೆತ್ತಗೆ.

"ನೋಡಮ್ಮ, ಗುರುವಾರ ಪತ್ರಿಕೆಯವರು ಬರ್ತಾರೆ. ಅವರ ಮುಂದೆ ಒಂದು ಕ್ಷಮೆ ಕೇಳಿಬಿಡಿ. ಗೊತ್ತಿಲ್ದೆ ಒಗೆದೆ ಅಂತ. ಅಷ್ಟೆ."

"ಚೀಲಕ್ಕೆ ಹಾಕಿದ್ದು ಯಾರು ಸಾರ್?"

"ಅದೆಲ್ಲ ಈಗ ಯಾಕೆ? ಅವನನ್ನ ಕೊಂಡ್ಕೊಳ್ಳೋಕೆ ದೊಡ್ಡ ಕ್ಲಬ್ಬಿನವರು ಬರ್ತಿದ್ದಾರೆ. ಕಾಲು ಕೈ ಕೊಡ್ತು ಅಂದ್ರೆ ಅವನ ಬೆಲೆ ಬೀಳುತ್ತೆ. ಬೇರೆಯವರು ಮಾಡಿದ ತಪ್ಪಿಂದ ಮನಸ್ಸು ಕೆಡ್ತು ಅಂದ್ರೆ ಬೀಳಲ್ಲ."

"ಅಂದ್ರೆ ಅವನ ಬೆಲೆ ಈಗ ನನ್ನ ಬಾಯಲ್ಲಿದೆ ಅನ್ನಿ."

ಮ್ಯಾನೇಜರ್ ನಗಲಿಲ್ಲ. "ಹೊರಗಿನ ಕಂಪನಿಗಳು ಒಗೆಯೋಕೆ ಸಾಲುಗಟ್ಟಿ ನಿಂತಿವೆ. ನೀವು ನಾಲ್ಕು ಜನ ಇದ್ದೀರಿ. ಯೋಚನೆ ಮಾಡಿ."

ಅವಳು ಕೆಳಗಿಳಿದು ಬರುವ ಹೊತ್ತಿಗೆ ಬಂಗಾರದ ಕಾಲೇ ಒಗೆಯುವ ಕೋಣೆಯ ಬಾಗಿಲಲ್ಲಿ ನಿಂತಿತ್ತು. ಹತ್ತಿರದಿಂದ ನೋಡಿದರೆ ಇನ್ನೂ ಹುಡುಗುಮುಖ, ಅವಳ ತಮ್ಮನ ಮಗನ ವಯಸ್ಸು. ಬೂದು ಬನಿಯನ್ನನ್ನು ತುದಿಬೆರಳಲ್ಲಿ ಹಿಡಿದಿದ್ದ. ಸೋಪಿನ ಘಮ ಬರುತ್ತಿತ್ತು.

"ಇದು ನಿಮ್ಮಲ್ಲೇ ಇರ್ಲಿ ದೊಡ್ಡಕ್ಕ. ಇದರ ಸತ್ವ ಹೋಯ್ತು," ಎಂದು ಮೇಜಿನ ಮೇಲೆ ಎಸೆದ.

"ಚೀಲಕ್ಕೆ ಯಾರಪ್ಪ ಹಾಕಿದ್ದು?"

ಅವನು ಆ ಕಡೆ ಈ ಕಡೆ ನೋಡಿದ. ಇಸ್ತ್ರಿ ಮಾಡುತ್ತಿದ್ದವಳನ್ನು, ಎಲ್ಲರೂ ಇಸ್ತ್ರಿ ಅತ್ತಿಗೆ ಎನ್ನುವವಳನ್ನು, ಅವನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. "ನಾನೇ. ತಲೆ ಎಲ್ಲೋ ಇತ್ತು, ಎಲ್ಲಾ ಒಟ್ಟಿಗೆ ತುರುಕಿಬಿಟ್ಟೆ."

"ಪೆನಾಲ್ಟಿ ತಪ್ಪಿದ್ದು ಅದಕ್ಕೇನಾ?"

"ಕಾಲು ನಡುಗ್ತು ದೊಡ್ಡಕ್ಕ. ಅಷ್ಟು ಜನ, ಅಷ್ಟು ಸದ್ದು… ನಡುಗ್ತು, ಅಷ್ಟೆ."

ಒಂದು ಕ್ಷಣ ಅವಳಿಗೆ ಅಯ್ಯೋ ಪಾಪ ಅನಿಸಿತು. ಯಾರ ಕಾಲು ನಡುಗುವುದಿಲ್ಲ? ಅದನ್ನೇ ಟಿವಿಯಲ್ಲಿ ಹೇಳಿದ್ದರೆ ಅವಳೇ ಅವನ ತಲೆ ಸವರುತ್ತಿದ್ದಳು. ಅಷ್ಟರಲ್ಲಿ ಅವನು ಬಾಯಿಬಿಟ್ಟು ಎಲ್ಲ ಕೆಡಿಸಿದ.

"ಗುರುವಾರ ಒಂದು ಮಾತು ಹೇಳಿಬಿಡಿ. ನಿಮಗೆ ಏನೂ ನಷ್ಟ ಇಲ್ವಲ್ಲ? ನಿಮ್ಮೆಜಮಾನ್ರು ನನ್ನ ಅಭಿಮಾನಿ ಅಂತೆ. ಸಹಿ ಹಾಕಿದ ಅಂಗಿ ಕೊಡ್ತೀನಿ."

ನಿಮಗೆ ಏನೂ ನಷ್ಟ ಇಲ್ವಲ್ಲ! ದೊಡ್ಡಕ್ಕನ ಮೈಯೆಲ್ಲ ಉರಿದುಹೋಯಿತು. ಅವಳದ್ದೂ ಒಂದು ಹೆಸರು, ಇಪ್ಪತ್ತು ವರ್ಷದಲ್ಲಿ ಒಂದು ಗುಂಡಿಯನ್ನೂ ಕಳೆದವಳಲ್ಲ ಎನ್ನುವ ಹೆಸರು. ಅದಕ್ಕೆ ಹರಾಜು ಕೂಗುವವರಿಲ್ಲ ಎಂದ ಮಾತ್ರಕ್ಕೆ ಅದು ಬಿಟ್ಟಿ ಬಿದ್ದಿದೆಯೇ? ಅವಳು ಬಾಗಿಲು ತೋರಿಸಿದಳು. ಅವನು ಹೋದ ಮೇಲೆ ಬನಿಯನ್ನನ್ನು ಕೈಚೀಲಕ್ಕೆ ತುರುಕಿಕೊಂಡಳು. ಯಾಕೆಂದು ಅವಳಿಗೂ ಗೊತ್ತಿರಲಿಲ್ಲ, ಅಲ್ಲಿ ಬಿಟ್ಟುಹೋಗಲು ಮನಸ್ಸಾಗಲಿಲ್ಲ.

ಸುದ್ದಿ ಅವಳಿಗಿಂತ ಮೊದಲೇ ಬೀದಿಯನ್ನೂ ಮನೆಯನ್ನೂ ಸೇರಿತ್ತು. ಅಂಗಡಿಯವನು ಸೋಪು ಕೊಡುತ್ತಾ, "ನೋಡ್ಕೊಂಡು ಒಗೀರಿ ಅಕ್ಕ, ಇನ್ನೊಂದು ಕಪ್ ಹೋದೀತು," ಎಂದು ಹಲ್ಲು ಕಿರಿದ. ಮನೆಯಲ್ಲಿ ಗಂಡ ಊಟಕ್ಕೂ ಕೂರದೆ ಮುಖ ಊದಿಸಿಕೊಂಡಿದ್ದ. ಅವನು ಕ್ರೀಡಾಂಗಣದ ದಾರಿಯ ಬಸ್ ಚಾಲಕ. ಬಂಗಾರದ ಕಾಲಿನ ಸಂಬಳದ ಬಗ್ಗೆ ಗಂಡಹೆಂಡಿರ ಜಗಳ ಇವತ್ತು ನಿನ್ನೆಯದಲ್ಲ.

"ಅರವತ್ತು ಸಾವಿರ ಜನ ದುಡ್ಡು ಕೊಟ್ಟು ಅವನನ್ನ ನೋಡೋಕೆ ಬರ್ತಾರೆ," ಎನ್ನುತ್ತಿದ್ದ ಅವನು ಯಾವಾಗಲೂ. "ನಾನು ಬಸ್ ಓಡಿಸೋದನ್ನ ನೋಡೋಕೆ ಯಾರು ಬರ್ತಾರೆ ಹೇಳು?"

"ನಿಮ್ಮ ಬಸ್ ಇಲ್ದೆ ಆ ಅರವತ್ತು ಸಾವಿರ ಅಲ್ಲಿಗೆ ಹಾರಿಕೊಂಡು ಹೋಗ್ತಾರಾ?" ಎನ್ನುತ್ತಿದ್ದಳು ಅವಳು. ಅಲ್ಲಿಗೆ ಜಗಳ ನಿಲ್ಲುತ್ತಿತ್ತು, ಯಾಕೆಂದರೆ ಅಷ್ಟರಲ್ಲಿ ಪಂದ್ಯ ಶುರುವಾಗುತ್ತಿತ್ತು.

ಆ ದಿನ ಅವನು ಕೇಳಿದ್ದು ಒಂದೇ ಮಾತು. "ಒಗೆಯೋ ಮುಂಚೆ ಒಂದ್ಸಲ ನೋಡೋದಲ್ವೇನೇ?"

ಅವಳು ಕೈಚೀಲದಿಂದ ಬನಿಯನ್ನನ್ನು ತೆಗೆದು ಮೇಜಿನ ಮೇಲಿಟ್ಟಳು. ಗಂಡನ ಮುಖ ಅರಳಿತು. ಕೈಯನ್ನು ಒರೆಸಿಕೊಂಡು ಮುಟ್ಟಿದ, ಮಡಿಸಿದ, ಬೀರುವಿನಲ್ಲಿ ತನ್ನ ಒಳ್ಳೆಯ ಅಂಗಿಗಳ ಮೇಲಿಟ್ಟ. ಅವಳ ಅಂಗೈಯನ್ನು ಅವನು ಹಾಗೆ ಹಿಡಿದು ನೋಡಿ ಎಷ್ಟು ಕಾಲವಾಗಿತ್ತೋ. ಅವಳು ಮ್ಯಾನೇಜರ್ ಹೇಳಿದ್ದನ್ನೂ ಬಂಗಾರದ ಕಾಲು ಒಪ್ಪಿಕೊಂಡದ್ದನ್ನೂ ಒಂದೂ ಬಿಡದೆ ಹೇಳಿದಳು.

ಗಂಡ ಬೀರುವಿನ ಬಾಗಿಲು ಮುಚ್ಚಿದ. "ಆದ್ರೂ ಹೇಳಿಬಿಡು," ಎಂದ ಕೊನೆಗೆ, ಅವಳ ಮುಖ ನೋಡದೆ. "ನಾಲ್ಕು ಮನೆಯ ಊಟದ ಪ್ರಶ್ನೆ."

ಅವಳಿಗೆ ನೋವಾಗಿದ್ದು ಟಿವಿಯ ಮಾತಿಗಿಂತ ಈ ಮಾತಿಗೆ. ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ, ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಬುಧವಾರ ಯಂತ್ರಗಳನ್ನು ನಿಲ್ಲಿಸಿ ಅವಳು ಉಳಿದ ಮೂವರನ್ನು ಕೂರಿಸಿಕೊಂಡಳು. ತಾನು ಕ್ಷಮೆ ಕೇಳದಿದ್ದರೆ ಎಲ್ಲರ ಕೆಲಸವೂ ಹೋಗುತ್ತದೆ ಎಂದು ಬಿಚ್ಚಿ ಹೇಳಿದಳು. ಒಬ್ಬಳು ಅತ್ತಳು, ಅವಳ ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ. ಇಸ್ತ್ರಿ ಅತ್ತಿಗೆ ಮಾತ್ರ ಪೆಟ್ಟಿಗೆಯನ್ನು ಕುಟ್ಟಿ ಇಟ್ಟಳು.

"ಇವತ್ತು ಈ ಗೂಬೆ ಕೂರಿಸ್ಕೊಂಡ್ರೆ ನಾಳೆ ಕರವಸ್ತ್ರ ಕಳೆದ್ರೂ ನಮ್ಮ ತಲೆಗೇ ಕಟ್ತಾರೆ. ಅವನು ಇಲ್ಲೇ ನಿಂತು ಒಪ್ಕೊಂಡ. ನಾನೇನು ಮನುಷ್ಯಳಲ್ವಾ, ನನಗೆ ಕಿವಿ ಇಲ್ವಾ?"

"ನಾನೇ ಒಗೆದದ್ದು ಅಂತಾನೇ ಹೇಳ್ತೀನಿ," ಎಂದಳು ದೊಡ್ಡಕ್ಕ. "ಕ್ಷಮೆ ತಾನೇ ಬೇಕು ಅವರಿಗೆ? ಹೊಟ್ಟೆ ತುಂಬ ಕೊಡ್ತೀನಿ." ತನ್ನ ಮನಸ್ಸಿನಲ್ಲಿದ್ದದ್ದನ್ನು ಅವರಿಗೆ ಹೇಳಿದಳು. ಅಳುತ್ತಿದ್ದವಳಿಗೆ ಮೂಗೊರೆಸಿಕೊಳ್ಳುತ್ತಲೇ ನಗು ಬಂತು.

ಗುರುವಾರ ಪತ್ರಿಕೆಯವರಿಂದ ಕೋಣೆ ತುಂಬಿತ್ತು. ಉದ್ದನೆಯ ಮೇಜಿನ ಹಿಂದೆ ಮ್ಯಾನೇಜರ್, ಬಂಗಾರದ ಕಾಲು, ಪಕ್ಕದಲ್ಲಿ ಕೆಲಸದ ಕೋಟಿನಲ್ಲೇ ದೊಡ್ಡಕ್ಕ. ಮೈಕನ್ನು ಅವಳ ಕಡೆ ತಿರುಗಿಸಿದರು.

"ತಪ್ಪಾಯ್ತು," ಎಂದಳು. "ಬನಿಯನ್ ಒಗೆದಿದ್ದು ನಾನೇ. ಅದಕ್ಕೇ ಚೆಂಡು ಕಂಬದ ಮೇಲಿಂದ ಹೋಯ್ತು ಅಂತ ದೊಡ್ಡವರೆಲ್ಲ ಹೇಳ್ತಿದ್ದಾರೆ. ಅಷ್ಟೊಂದು ಸಂಬಳ ತಗೊಳ್ಳೋರು ಸುಳ್ಳು ಹೇಳ್ತಾರಾ?"

ಮ್ಯಾನೇಜರ್ ಸಮಾಧಾನದಿಂದ ತಲೆಯಾಡಿಸಿದ.

"ಒಂದು ಬನಿಯನ್ ಒಗೆದಿದ್ದಕ್ಕೇ ಕಪ್ ಹೋಯ್ತು ಅಂದ್ರೆ, ಇಪ್ಪತ್ತು ವರ್ಷದಿಂದ ಇಡೀ ತಂಡದ ಬಟ್ಟೆ ಒಗೆದು ನಾನು ಇನ್ನೆಷ್ಟು ಪಂದ್ಯ ಸೋಲಿಸಿದ್ದೀನೋ! ನೆನೆಸ್ಕೊಂಡ್ರೆ ಹೊಟ್ಟೆ ಉರಿಯುತ್ತೆ. ಅದಕ್ಕೇ ನಾವು ನಾಲ್ಕೂ ಜನ ತೀರ್ಮಾನ ಮಾಡಿದ್ದೀವಿ. ಇವತ್ತಿಂದ ಯಾರದ್ದೂ ಒಗೆಯಲ್ಲ. ಕಾಲುಚೀಲ ಕೂಡ. ತಂಡ ಗೆಲ್ಲಲಿ."

ಹಿಂದಿನ ಸಾಲಿನಿಂದ ಯಾರೋ ಕಿಸಕ್ಕನೆ ನಕ್ಕರು, ಆಮೇಲೆ ಇಡೀ ಕೋಣೆ. "ಹಾಗಾದ್ರೆ ಸಂಬಳ ಕೊಡಬೇಕಾದ್ದು ಕಾಲಿಗೋ ಬನಿಯನ್ನಿಗೋ?" ಎಂದು ಒಬ್ಬ ಕೂಗಿ ಕೇಳಿದ. ಬಂಗಾರದ ಕಾಲು ತನ್ನ ಬೂಟುಗಳನ್ನೇ ನೋಡುತ್ತಾ ಕೂತಿತ್ತು. ನಾನೇ ಹಾಕಿದೆ ಎನ್ನಲು ಅವನಿಗೆ ಆಗಲೂ ಅವಕಾಶವಿತ್ತು, ದೊಡ್ಡಕ್ಕ ಕಾದಳು. ಅವನು ಬಾಯಿಬಿಡಲಿಲ್ಲ.

ಆಮೇಲೆ ಬಲೆಚೀಲಗಳು ಕೊಕ್ಕೆಯಲ್ಲೇ ನೇತಾಡಿದವು. ಕೆಸರು ಒಣಗಿತು, ಬೆವರು ಹುಳಿಯಿತು, ನಾತ ಮೆಟ್ಟಿಲು ಹತ್ತಿ ಮ್ಯಾನೇಜರನ ಮೆತ್ತನೆಯ ಕುರ್ಚಿಯವರೆಗೂ ಹೋಯಿತು. ಹೊರಗಿನ ಕಂಪನಿಗಳು ಸಾಲುಗಟ್ಟಿ ನಿಂತದ್ದೆಲ್ಲ ಬರೀ ಬಾಯಿಮಾತು. ಬಂಗಾರದ ಕಾಲು ಒಂದು ವಾಕ್ಯ ಹೇಳಿದ್ದರೆ ಮುಗಿಯುತ್ತಿತ್ತು: ಚೀಲಕ್ಕೆ ಹಾಕಿದ್ದು ನಾನು. ಅದನ್ನು ಹೇಳಿಸುವ ಬದಲು ಕ್ಲಬ್ಬಿನವರು ಏನು ಮಾಡಿದರು ಗೊತ್ತೇ? ಇಡೀ ತಂಡಕ್ಕೆ ಹೊಸ ಬಟ್ಟೆ ಕೊಂಡರು. ಒಂದು ಪಂದ್ಯಕ್ಕೆ ಹಾಕಿ ಎಸೆದರು, ಇನ್ನೊಂದಕ್ಕೆ ಮತ್ತೆ ಕೊಂಡರು. ಹೆಂಗಸರಿಗೆ ನಾಳೆಯಿಂದ ಬರಬೇಡಿ ಎಂದರು. ದೊಡ್ಡಕ್ಕ ಹೊರಡುವಾಗ ಹಿತ್ತಲಿನ ಕಸದ ಡಬ್ಬಿಯಲ್ಲಿ ಒಳ್ಳೆಯ ಅಂಗಿಗಳ ರಾಶಿ ನೋಡಿದಳು. ಒಂದು ಸಲ ಒಗೆದಿದ್ದರೆ ಹೊಸದರಂತೆ ಆಗುತ್ತಿದ್ದವು. ಅವಳಿಗೆ ಕಿರುಚಬೇಕು ಅನಿಸಿತು. ನಿಂತು ಕಿರುಚಿಯೇಬಿಟ್ಟಳು, ಕಾವಲಿನವನು ಓಡಿಬಂದ.

ಬಂಗಾರದ ಕಾಲು ದೊಡ್ಡ ಕ್ಲಬ್ಬಿಗೆ ಮಾರಾಟವಾಯಿತು. ಬೆಲೆ ಒಂದಿಷ್ಟೂ ಇಳಿಯಲಿಲ್ಲ.

ಮರುವಾರ ಮ್ಯಾನೇಜರ್ ನಾಲ್ವರನ್ನೂ ವಾಪಸು ಕರೆದ. ಹೊಸ ಬಟ್ಟೆ ಕೊಂಡು ಕೊಂಡು ಸುಸ್ತಾಗಿದ್ದ, ಮಾರಾಟವಾದ ಮೇಲೆ ಕ್ಷಮೆಯೂ ಯಾರಿಗೂ ಬೇಕಿರಲಿಲ್ಲ. "ನಾಳೆ ಬಂದ್ಬಿಡಿ," ಎಂದ ಫೋನಿನಲ್ಲಿ, ಏನೂ ಆಗದವನ ಹಾಗೆ. ಬೈದಿದ್ದರೂ ತಡೆದುಕೊಳ್ಳುತ್ತಿದ್ದಳು. ಈ ಏನೂ ಆಗಿಲ್ಲ ಎನ್ನುವ ದನಿಗೆ ಅವಳ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಆದರೂ ಹೋಗಲೇಬೇಕಿತ್ತು, ಅಂದು ಅತ್ತವಳ ಮುಖ ಕಣ್ಣೆದುರಿಗಿತ್ತು. ಇನ್ನು ಮೇಲೆ ಪಿನ್ನು ಹಾಕುವಾಗ ಆಟಗಾರ ಒಗೆಯುವವರ ಮುಂದೆ ನಿಂತೇ ಹಾಕಬೇಕು ಎಂದಳು. ಆಗಲಿ ಎಂದ.

ಆ ಸಂಜೆ ಟಿವಿಯಲ್ಲಿ ಹೊಸ ಕ್ಲಬ್ಬಿನ ಮೈದಾನ. ಬಂಗಾರದ ಕಾಲು ಜನರ ಮುಂದೆ ಒಂದು ಬೂದು ಬನಿಯನ್ ಎತ್ತಿ ಹಿಡಿದು ಮುತ್ತಿಟ್ಟ. "ಇದೇ ನನ್ನ ಅದೃಷ್ಟದ ಬನಿಯನ್. ಇಷ್ಟು ವರ್ಷ ನನ್ನ ಕೈಬಿಟ್ಟಿಲ್ಲ," ಎಂದ. ಜನ ಹುಚ್ಚೆದ್ದು ಕೂಗಿದರು.

ಗಂಡ ಟಿವಿಯನ್ನು ನೋಡಿದ, ಬೀರುವನ್ನು ನೋಡಿದ, ಮತ್ತೆ ಟಿವಿಯನ್ನು ನೋಡಿದ. ಎದ್ದು ಟಿವಿ ಆರಿಸಿ ಮಲಗಲು ಹೋದ. ಪಂದ್ಯದ ಸುದ್ದಿ ಮುಗಿಯುವ ಮುಂಚೆ ಅವನು ಟಿವಿ ಆರಿಸಿದ್ದು ಅವಳು ನೋಡಿದಂತೆ ಅದೇ ಮೊದಲು.

ಬೆಳಿಗ್ಗೆ ಅವಳು ಕೆಲಸಕ್ಕೆಂದು ಅವನ ಬಸ್ಸೇ ಹತ್ತಲು ಹೋದಳು. ಅವನು ಬಂಪರಿನ ಮೇಲೆ ಕಾಲಿಟ್ಟು ಮುಂದಿನ ಗಾಜನ್ನು ಉಜ್ಜುತ್ತಿದ್ದ. ಕೈಯಲ್ಲಿದ್ದದ್ದು ಬೂದು ಬಟ್ಟೆ.

"ಗಾಜು ಚೆನ್ನಾಗಿ ಒರೆಸುತ್ತೆ ಕಣೇ," ಎಂದ ತಿರುಗಿ ನೋಡದೆ. ಅವನ ಕಿವಿ ಕೆಂಪಾಗಿತ್ತು, ಸಿಟ್ಟಿಗೋ ನಾಚಿಕೆಗೋ. "ಅವತ್ತು ಹಾಗೆ ಹೇಳಬಾರದಿತ್ತು ನಾನು."

ಅವಳು ಅವನ ಕಡೆ ಒಂದು ಹೆಜ್ಜೆ ಇಟ್ಟಳು. ಆದರೂ ಇಷ್ಟು ದಿನದ ಸಿಟ್ಟು ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ಬಸ್ಸು ಹತ್ತಿ ಅವನ ಹಿಂದಿನ ಸೀಟಿನಲ್ಲೇ ಕೂತಳು. ಗಾಜು ಫಳಫಳ ಹೊಳೆಯುತ್ತಿತ್ತು, ರಸ್ತೆ ಕೊನೆಯವರೆಗೂ ಕಾಣುತ್ತಿತ್ತು. ಅವನು ಬಂದು ಕೂತು, ಮಸಿ ಹತ್ತಿದ ಬನಿಯನ್ನನ್ನು ಅವಳ ಕಡೆ ಚಾಚಿದ.

"ಸಂಜೆ ಇದನ್ನ ಒಗೆದು ಕೊಡ್ತೀಯಾ?"

"ನೀವೇ ಒಗೆದ್ಕೊಳ್ಳಿ," ಎಂದಳು ದೊಡ್ಡಕ್ಕ.