ಗ್ರಾಹಕರು ತೃಪ್ತರಾಗಿದ್ದಾರೆ

ಗಜೇಂದ್ರಗಡದ ಬಸ್ ಸ್ಟ್ಯಾಂಡಿನ ಎದುರಿಗೆ ಫರ್ಜಾನಾಳ ಇಂಟರ್ನೆಟ್ ಸೆಂಟರ್. ಸೆಂಟರ್ ಇದ್ದದ್ದು ನಿಜ. ಇಂಟರ್ನೆಟ್ ಇತ್ತೆಂದು ಆಣೆ ಮಾಡಿ ಹೇಳುವವರು ಊರಿನಲ್ಲಿ ಒಬ್ಬರೂ ಇರಲಿಲ್ಲ. ೨೦೦೮ರ ಬೇಸಿಗೆಯಲ್ಲಿ ಮಿಂಚು ಬ್ರಾಡ್‌ಬ್ಯಾಂಡ್ ಎಂಬ ಕಂಪನಿ ಗೋಡೆಗೋಡೆಗೂ ಹಳದಿ ಪೋಸ್ಟರ್ ಹಚ್ಚಿ, ಕಣ್ಣು ಮುಚ್ಚಿ ತೆರೆಯುವುದರೊಳಗೆ ಜಗತ್ತು ನಿಮ್ಮ ಮುಂದೆ ಎಂದು ಡಂಗುರ ಸಾರಿತ್ತು. ಹೆಸರು ಕ್ಷೀರಸಾಗರ, ಮನೆಯಲ್ಲಿ ಮಜ್ಜಿಗೆಗೆ ಗತಿಯಿಲ್ಲ. ಫರ್ಜಾನಾ ಕಣ್ಣು ಮುಚ್ಚಿ, ತೆರೆದು, ಎದ್ದು ಹೋಗಿ ಚಹಾ ಕುಡಿದು ಬಂದರೂ ಪರದೆಯ ಮೇಲೆ ಪುಟ ಅರ್ಧವೇ ಮೂಡಿರುತ್ತಿತ್ತು.

ಆ ನವೆಂಬರಿನಲ್ಲಿ ಸರ್ಕಾರಿ ಶಾಲೆಗಳ ಶಿಕ್ಷಕರ ಹುದ್ದೆಗೆ ಅರ್ಜಿ ಕರೆದರು. ಅರ್ಜಿಯನ್ನು ಇಂಟರ್ನೆಟ್ಟಿನಲ್ಲೇ ತುಂಬಬೇಕು ಎಂದರು. ಫರ್ಜಾನಾ ಕೂಡ ಡಿ.ಎಡ್. ಮಾಡಿದವಳು, ವರ್ಷಗಟ್ಟಲೆ ಈ ಕರೆಗೆ ಕಾದವಳು. ಜನವರಿ ಬಂದರೆ ಅವಳ ವಯಸ್ಸು ಸರ್ಕಾರದ ಮಿತಿ ದಾಟುತ್ತಿತ್ತು. ಈ ಸಲ ತಪ್ಪಿದರೆ ಜನ್ಮಕ್ಕೆ ತಪ್ಪಿದಂತೆ. ಆದರೂ ನರೇಗಲ್ಲಿನಿಂದ, ರಾಜೂರಿನಿಂದ ಬಸ್ಸು ಹತ್ತಿ ಬಂದ ಹುಡುಗಿಯರನ್ನು ಬಾಗಿಲಲ್ಲಿ ನಿಲ್ಲಿಸಿ ತನ್ನ ಅರ್ಜಿ ತಾನು ತುಂಬಿಕೊಳ್ಳಲು ಅವಳಿಗೆ ಮನಸ್ಸು ಬರಲಿಲ್ಲ. ಲೈನು ಇದ್ದ ಹೊತ್ತೆಲ್ಲ ಗಿರಾಕಿಗಳ ಪಾಲಾಯಿತು. ಗಿರಾಕಿ ಇಲ್ಲದಾಗ ಮೂರು ಸಲ ತನ್ನದಕ್ಕೆ ಕೂತಳು. ಮೂರು ಸಲವೂ ಕೊನೆಯ ಪುಟಕ್ಕೆ ಬರುವಷ್ಟರಲ್ಲಿ ಲೈನು ಸತ್ತಿತು. ಕೊನೆಯ ನಾಲ್ಕು ದಿನವಂತೂ ಇಡೀ ಊರಿಗೇ ಲೈನಿಲ್ಲ.

ಅವಳು ಸುಮ್ಮನೆ ಕೂತವಳಲ್ಲ. ಒಂಬತ್ತು ಸಲ ಕಂಪ್ಲೇಂಟ್ ಕೊಟ್ಟಿದ್ದಳು. ಲೈನ್‌ಮನ್ ಖಾಜಾಸಾಬ ಎರಡು ಸಲ ಬಂದು, ಕಂಬದ ಪೆಟ್ಟಿಗೆಗೆ ಇಕ್ಕಳದಿಂದ ಎರಡೇಟು ಹಾಕಿ, "ನಾಳಿಗೆ ಬರತೈತ್ರಿ" ಎಂದು ಹೋಗಿದ್ದ. ಅವನ ನಾಳೆಗೆ ನಾಳೆಯೇ ಇರಲಿಲ್ಲ.

ಅರ್ಜಿಯ ಕೊನೆಯ ದಿನ ಬೆಳಿಗ್ಗೆ ಹತ್ತನೆಯ ಸಲ ಕಂಪನಿಗೆ ಫೋನ್ ಮಾಡಿದಳು. ಕಾಯಿರಿ ಎಂದು ಅರ್ಧ ತಾಸು ವೀಣೆ ಕೇಳಿಸಿದ ಮೇಲೆ ಒಬ್ಬ ಹುಡುಗಿ ಲೈನಿಗೆ ಬಂದಳು.

"ಮೇಡಂ, ನಿಮ್ಮ ಯಾವ ಕಂಪ್ಲೇಂಟೂ ಬಾಕಿ ಇಲ್ಲ. ಒಂಬತ್ತೂ ಕ್ಲೋಸ್ ಆಗಿದೆ."

"ಯಾರ ಕ್ಲೋಸ್ ಮಾಡಿದ್ರು? ನಾಲ್ಕ ದಿನಾ ಆತು, ನಿಮ್ಮ ಪೆಟ್ಟಿಗಿ ದೀಪಾನ ಹತ್ತಿಲ್ಲ ಇಲ್ಲೆ!"

"ಕನೆಕ್ಷನ್ ಯಾರ ಹೆಸರಲ್ಲಿದೆಯೋ ಅವರನ್ನು ಕರ್ಕೊಂಡು ರೋಣದ ಆಫೀಸಿಗೆ ಹೋಗಿ ಮೇಡಂ. ಶುಭ ದಿನ."

ಶುಭ ದಿನವಂತೆ. ಫರ್ಜಾನಾ ರಿಸೀವರನ್ನು ಕುಕ್ಕಿದಳು.

ಕನೆಕ್ಷನ್ ಇದ್ದದ್ದು ಅವಳ ಅಪ್ಪ ಜಂಗ್ಲಿಸಾಬನ ಹೆಸರಿನಲ್ಲಿ, ಕಂಪನಿಗೆ ಕೊಟ್ಟದ್ದು ಮನೆಯ ಫೋನ್ ನಂಬರು. ಜಂಗ್ಲಿಸಾಬ ನೇಕಾರ. ಎಪ್ಪತ್ತಾದರೂ ಮಗ್ಗ ಬಿಟ್ಟಿರಲಿಲ್ಲ. ಯಾರಿಗೂ ಒಂದು ಬಿರುಸು ಮಾತು ಆಡಿದ ಮನುಷ್ಯನಲ್ಲ. ಮಗಳು ಕರೆದಳೆಂದು ಮಗ್ಗದಿಂದೆದ್ದು, ಟೋಪಿ ಹಾಕಿಕೊಂಡು, ಯಾಕೆ ಏನು ಎಂದು ಕೇಳದೆ ಬಸ್ಸು ಹತ್ತಿದ.

ರೋಣದಲ್ಲಿ ಇಳಿದಾಗ ಹನ್ನೆರಡೂವರೆ. ಇಲ್ಲಿಂದಲಾದರೂ ಅರ್ಜಿ ಹೋದೀತೆಂದು ಫರ್ಜಾನಾ ತನ್ನ ಕಾಗದಗಳನ್ನು ಜೊತೆಗೆ ತಂದಿದ್ದಳು. ಅಲ್ಲಿಯ ಇಂಟರ್ನೆಟ್ ಅಂಗಡಿಯ ಮುಂದೆ ಐವತ್ತು ಅರವತ್ತು ಜನ ಚೀಟಿ ಹಿಡಿದು ನಿಂತಿದ್ದರು. ಪಾಳಿ ಬರುವಷ್ಟರಲ್ಲಿ ಐದು ಗಂಟೆ ಹೊಡೆಯುವುದು ಖಂಡಿತ. ಐದಕ್ಕೆ ಅರ್ಜಿ ಮುಚ್ಚುತ್ತಿತ್ತು. ಮಿಂಚು ಆಫೀಸಿನಲ್ಲಾದರೆ ಗಿರಾಕಿಗಳಿಗೆ ವೇಗ ತೋರಿಸಲೆಂದೇ ಇಟ್ಟ ಒಂದು ಕಂಪ್ಯೂಟರ್ ಇತ್ತು. ಅದರ ಮುಂದೆ ಯಾರೂ ಇರಲಿಲ್ಲ. ಪುಟಗಳು ತಮ್ಮಷ್ಟಕ್ಕೇ ಪಟಪಟ ಬದಲಾಗುವುದು ಬಾಗಿಲಿನಿಂದಲೇ ಕಾಣುತ್ತಿತ್ತು. ಅದನ್ನು ಕಂಡು ಫರ್ಜಾನಾಳ ಮೈ ಉರಿಯಿತು. ಊರಿಗೆ ಬಾರದ ನೀರು ಇಲ್ಲಿ ಕಾರಂಜಿಯಾಗಿ ಹಾರುತ್ತಿತ್ತು.

"ಅದನ್ನ ಮುಟ್ಟಬ್ಯಾಡ್ರಿ, ಸಾಹೇಬ್ರು ಬರಬೇಕು," ಎಂದ ಜವಾನ. ಸಾಹೇಬರು ಊಟಕ್ಕೆ ಹೋಗಿದ್ದರು. ಮೂರು ತಾಸಿನ ಊಟ. ಮಿಂಚು ಬ್ರಾಡ್‌ಬ್ಯಾಂಡಿನಲ್ಲಿ ವೇಗವಿಲ್ಲದ್ದು ಬರೀ ತಂತಿಗಲ್ಲ ಎಂದು ಆಗ ತಿಳಿಯಿತು.

ಪ್ರಭುಲಿಂಗಪ್ಪ ಸಾಹೇಬರು ಹಲ್ಲು ಕೆದಕುತ್ತ ಬಂದಾಗ ಮೂರೂಮುಕ್ಕಾಲು.

"ಸಾಹೇಬ್ರ, ಆ ಕಂಪ್ಯೂಟರದಾಗ ಹತ್ತ ಮಿನಿಟ್ ಕುಂದರಾಕ ಬಿಡ್ರಿ. ನನ್ನ ಅರ್ಜಿ ಹೋಗಬೇಕು, ಇವತ್ತ ಕಡೀ ದಿನ."

"ಅದು ಡೆಮೋಕ್ಕ ಇಟ್ಟದ್ದು ತಂಗಿ. ಮೊದಲ ನಿಮ್ಮ ತಕರಾರ ಏನೈತಿ ನೋಡೂಣಂತ." ಅವರು ತಮ್ಮ ಮೇಜಿನ ಕಂಪ್ಯೂಟರಿನಲ್ಲಿ ನಿಧಾನಕ್ಕೆ ಕನೆಕ್ಷನ್ ನಂಬರು ಒತ್ತಿ, ಪ್ರಿಂಟ್ ಆದ ಕಾಗದ ಒಂದನ್ನು ಹೊರತೆಗೆದು, ಕನ್ನಡಕ ಹಾಕಿಕೊಂಡರು. "ತಕರಾರ ಎಲ್ಲೈತ್ರಿ? ಕೇಳ್ರಿ. ಮೂರನೇ ತಾರೀಖು, ಗ್ರಾಹಕರಿಗೆ ಫೋನ್ ಮಾಡಿ ವಿಚಾರಿಸಲಾಗಿದೆ, ಎಲ್ಲಾ ಆರಾಮ ಎಂದಿದ್ದಾರೆ. ಗ್ರಾಹಕರು ತೃಪ್ತರಾಗಿದ್ದಾರೆ. ಏಳನೇ ತಾರೀಖು, ಎಲ್ಲಾ ಚಲೋ ಎಂದಿದ್ದಾರೆ, ನಮ್ಮ ಸಿಬ್ಬಂದಿಯ ಆರೋಗ್ಯವನ್ನೂ ವಿಚಾರಿಸಿದ್ದಾರೆ. ಗ್ರಾಹಕರು ತೃಪ್ತರಾಗಿದ್ದಾರೆ..."

ಒಂಬತ್ತನ್ನೂ ಓದಿದರು. ಫರ್ಜಾನಾ ಮೆಲ್ಲಗೆ ಅಪ್ಪನ ಕಡೆ ತಿರುಗಿದಳು. ಮುದುಕನ ಮುಖ ಬಿಳಿಚಿಕೊಂಡಿತ್ತು.

"ಅಬ್ಬಾ, ಇದನ್ನ ನೀವ ಅಂದೀರಿ?"

"ನಾನ ಅಂದೀನಿ ಬೇಟಿ," ಎಂದ ಜಂಗ್ಲಿಸಾಬ. "ಪರಊರಿನ ಹುಡುಗಿ, ಫೋನ್ ಹಚ್ಚಿ ಹ್ಯಾಂಗ ಐತ್ರಿ, ಎಲ್ಲಾ ಸರಿ ಐತೇನ್ರಿ ಅಂತ ಕೇಳಿದ್ಲು. ಕೇಳಿದ ಕೂಡ್ಲೇ ನಮ್ಮ ಗೋಳು ಹ್ಯಾಂಗ ಹೇಳೂದು? ಆರಾಮ ಐತವ್ವಾ ಅಂದೆ. ಎರಡನೇ ಸಲ ಕೇಳ್ತಾಳ, ಆಗ ಲೈನಿನ ಮಾತ ತಗಿಯೂಣು ಅಂತ ಫೋನ್ ಹಿಡಕೊಂಡ ನಿಂತಿದ್ದೆ. ಅಕಿ ಥ್ಯಾಂಕ್ಯೂ ಅಂದು ಇಟ್ಟ ಬಿಡತಿದ್ಲು. ಪ್ರತೀ ಸಲಾನೂ ಹಂಗ."

ಆ ಕಡೆಯ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮನೆ ಹತ್ತಿ ಉರಿಯುತ್ತಿದ್ದರೂ ಹೇಗಿದ್ದೀರಿ ಎಂದವರಿಗೆ ಮೊದಲು ಆರಾಮ ಎನ್ನಬೇಕು. ಖರೇ ಹೇಳ್ರಿ ಎಂದು ಅವರು ಮತ್ತೊಮ್ಮೆ ಕೇಳಿದಾಗ ಬೆಂಕಿಯ ಸುದ್ದಿ. ಕಂಪನಿಗೆ ಒಮ್ಮೆ ಕೇಳುವುದಷ್ಟೇ ಗೊತ್ತು. ಒಮ್ಮೆ ಕೇಳಿ, ಬರೆದುಕೊಂಡು, ಕೈ ತೊಳೆದುಕೊಂಡಿತ್ತು. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು.

ಫರ್ಜಾನಾ ಮೇಜು ಬಡಿದಳು. "ಊರಿಗೆ ಊರ ಸತ್ತೈತಿ ಅಂತ ನಿಮಗ ಗೊತ್ತಿಲ್ಲ? ಖಾಜಾಸಾಬನ್ನ ಕೇಳ್ರಿ! ಮುದುಕರ ಮರ್ಯಾದಿ ಮಾತ ಬರಕೊಂಡ ನಾಟಕ ಮಾಡ್ತೀರೇನು? ಈಗ ಸರೀರಿ ಆ ಕಡೆ!"

ಅವಳ ದನಿಗೆ ಬೀದಿಯ ಜನ ಬಾಗಿಲಲ್ಲಿ ಸೇರಿದರು. ಜನ ಸೇರಿದ್ದು ಕಂಡ ಮೇಲೆ ಸಾಹೇಬರು ಮಣಿದರು. ಆಗ ನಾಲ್ಕೂವರೆ. ಅವಳು ಡೆಮೋ ಕಂಪ್ಯೂಟರಿನ ಮುಂದೆ ಕೂತು, ಕಾಗದಗಳನ್ನು ತೊಡೆಯ ಮೇಲೆ ಹರಡಿಕೊಂಡು, ಒಂದೊಂದೇ ಪುಟ ತುಂಬುತ್ತ ಹೋದಳು. ಹೆಸರು, ತಂದೆಯ ಹೆಸರು, ಜನ್ಮ ದಿನಾಂಕ, ಅಂಕಗಳು. ಸಿ.ಡಿ.ಯಲ್ಲಿ ತಂದಿದ್ದ ಫೋಟೋ ಏರಿತು. ಕೊನೆಯ ಪುಟ ಬಂತು. ಸಲ್ಲಿಸು ಎಂಬಲ್ಲಿ ಒತ್ತಿದಳು.

ಪರದೆ ಬಿಳಿಯಾಯಿತು. ಬಿಳಿಯಾಗಿಯೇ ನಿಂತಿತು. ಮೂಲೆಯ ಪೆಟ್ಟಿಗೆಯಲ್ಲಿ ಹಸಿರು ದೀಪ ಕೆಂಪಾಯಿತು. ಮಿಂಚು ಆಫೀಸಿನೊಳಗೇ ಮಿಂಚಿನ ಲೈನು ಹೋಗಿತ್ತು. ಪ್ರಭುಲಿಂಗಪ್ಪ ಗಾಬರಿಯಾಗಿ ತಮ್ಮ ಕಂಪನಿಗೇ ಫೋನ್ ಹಚ್ಚಿದರು. ರಿಸೀವರಿನಿಂದ ವೀಣೆ ಹೊರಗೆಲ್ಲ ಕೇಳಿಸಿತು. ವೀಣೆ ಮುಗಿಯಲಿಲ್ಲ, ಐದು ಗಂಟೆ ಮುಗಿಯಿತು. ಐದೂ ಹತ್ತಕ್ಕೆ ದೀಪ ಹಸಿರಾದಾಗ ಪರದೆಯ ಮೇಲೆ ಒಂದೇ ಸಾಲು: ಅರ್ಜಿ ಸಲ್ಲಿಸುವ ಅವಧಿ ಮುಗಿದಿದೆ.

ಪ್ರಭುಲಿಂಗಪ್ಪ ಖಾಲಿ ಕಾಗದ ಒಂದನ್ನು ಮುಂದೆ ಸರಿಸಿದರು. "ಸಾಬ್ರ, ಹತ್ತನೇದ್ದೊಂದು ತಕರಾರ ಬರದ ಕೊಡ್ರಿ. ನಾಳಿಗೇ ಲೈನ್ ಸರಿ ಮಾಡಸ್ತೀನಿ."

ಜಂಗ್ಲಿಸಾಬ ಎದ್ದು ನಿಂತ. ಅವನ ದನಿ ಏರಲಿಲ್ಲ.

"ಲೈನ್ ಸರಿ ಮಾಡಸ್ತೀರಿ, ಗೊತ್ತೈತ್ರಿ. ನನ್ನ ಮಗಳ ವಯಸ್ಸ ಹಿಂದಕ್ಕ ತರ್ತೀರೇನು? ಅದನ್ನ ಯಾವ ಕಾಗದದಾಗ ಬರದ ಕೊಡ್ಲಿ?"

ಸಾಹೇಬರು ಕನ್ನಡಕ ತೆಗೆದು ಒರೆಸತೊಡಗಿದರು. ಒರೆಸುವುದು ಮುಗಿಯಲೇ ಇಲ್ಲ.

ವಾಪಸು ಬಸ್ಸಿನಲ್ಲಿ ಫರ್ಜಾನಾಳ ಕಟ್ಟೆ ಒಡೆಯಿತು. ಬೈದಳು. ಕಂಪನಿಯನ್ನು, ಸಾಹೇಬನನ್ನು, ಖಾಜಾಸಾಬನ ಇಕ್ಕಳವನ್ನು, ಕೊನೆಗೆ ಪಕ್ಕದಲ್ಲಿ ಕೂತ ಅಪ್ಪನನ್ನು. ಒಂಬತ್ತು ಸಲ, ಅಬ್ಬಾ, ಒಂಬತ್ತು ಸಲದಾಗ ಒಮ್ಮೆನಾದ್ರೂ ಇಲ್ಲ ಅನ್ನಾಕ ಬಾಯಿ ಬರಲಿಲ್ಲ ನಿಮಗ? ನಿಮ್ಮ ಮರ್ಯಾದಿ ನನ್ನ ನೌಕರಿ ತಿಂತು! ಜನ ಹೊರಳಿ ನೋಡಿದರೂ ನಿಲ್ಲಿಸಲಿಲ್ಲ. ಹುಟ್ಟಿದಾರಭ್ಯ ಅವಳು ಅಪ್ಪನಿಗೆ ಎದುರಾಡಿದವಳಲ್ಲ. ಮುಂದಿನ ಸೀಟಿನ ನೀಲವ್ವ ಎಂಬ ಮುದುಕಿ ತಡೆಯಲಾರದೆ ಹೇಳಿದಳು:

"ಸಾಕ ಮಾಡ ತಂಗೀ. ಹಿರೇ ಮನಷ್ಯಾರದಾರ."

"ನೀವ ಸುಮ್ಮನಿರ್ರಿ ಬಾಯಾರ," ಎಂದ ಜಂಗ್ಲಿಸಾಬ. "ಅಕೀ ಮಾತ ಖರೇ ಐತಿ."

ಅಷ್ಟಕ್ಕೇ ಫರ್ಜಾನಾಳ ಮಾತು ನಿಂತುಹೋಯಿತು. ಕಿಟಕಿಯ ಕಡೆ ಮುಖ ಮಾಡಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳ ಸಿಟ್ಟು ಇಳಿದಿರಲಿಲ್ಲ. ಮಾತು ಮುಗಿದಿತ್ತು ಅಷ್ಟೇ. ಜಂಗ್ಲಿಸಾಬ ಮಗಳ ಮೊಣಕೈ ಮುಟ್ಟಿದ.

"ಯಾಕ ನಿಂತಿ? ಬೈ ಬೇಟಿ. ಊರು ಇನ್ನೂ ದೂರ ಐತಿ."